ನೆಟ್ಟಿನಲ್ಲಿ ನಮ್ಮ ಹಸೆಮಣೆ ಅಂಗಡಿ ಮೇಲಕ್ಕೆ ಬಂದದ್ದು

ನೆಟ್ಟಿನಲ್ಲಿ ಅಂಗಡಿ ತೆರೆಯುವುದು ಬಾಗಿಲಿಗೆ ರಂಗೋಲಿ ಹಾಕಿದಷ್ಟೇ ಸುಲಭ ಎಂದು ನಾನು ನಂಬಿದ್ದೆ. ಚುಕ್ಕಿ ಇಟ್ಟು ಗೆರೆ ಎಳೆದರೆ ಮುಗಿಯಿತು, ದಾರಿಯಲ್ಲಿ ಹೋಗುವವರು ತಾವಾಗಿಯೇ ನಿಂತು ನೋಡುತ್ತಾರೆ. ಆದರೆ ನೆಟ್ಟಿನಲ್ಲಿ ದಾರಿ ಯಾವುದು, ಅದರಲ್ಲಿ ಹೋಗುವವರು ಯಾರು ಎಂಬುದನ್ನು ಮಾತ್ರ ನಾನು ಯೋಚಿಸಿರಲಿಲ್ಲ.

ನಮ್ಮದು ಪಾಂಡವಪುರ. ನಮ್ಮ ಯಜಮಾನರು ಚಂದ್ರಾಚಾರ್, ಮರಗೆಲಸದವರು. ಹಸೆಮಣೆ, ದೇವರ ಮಣೆ, ಶಾವಿಗೆ ಒರಳು, ಮುದ್ದೆ ಕೋಲು ಎಲ್ಲ ಮಾಡುತ್ತಾರೆ. ಅವರು ಮಾಡಿದ ಹಲಸಿನ ಹಸೆಮಣೆಯ ಮೇಲೆ ಕೂತು ಮದುವೆಯಾದವರು ಈಗ ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿದ್ದಾರೆ. ಮಣೆ ಇನ್ನೂ ಅಲುಗಾಡಿಲ್ಲ. ನಮ್ಮ ಕಷ್ಟವೂ ಅದೇ! ಅಷ್ಟು ಗಟ್ಟಿ ಸಾಮಾನು ಕೊಂಡವರು ಎರಡನೇ ಸಲ ಯಾಕೆ ಬರುತ್ತಾರೆ?

ಮೇಲಾಗಿ ಆಷಾಢ ಬಂತು. ಮದುವೆಯಿಲ್ಲ, ಮುಂಜಿಯಿಲ್ಲ, ಅವರ ಕೆಲಸದ ಶೆಡ್ಡಿನಲ್ಲಿ ಸದ್ದಿಲ್ಲ. ಒಂದು ಬೆಳಿಗ್ಗೆ ಯಜಮಾನರು ಉಳಿಗೆ ಎಣ್ಣೆ ಸವರುತ್ತಾ, ನನ್ನ ಮುಖ ನೋಡದೆ ಹೇಳಿದರು.

"ಮೈಸೂರಲ್ಲಿ ಪ್ಲೈವುಡ್ಡು ಕಬೋರ್ಡು ಜೋಡ್ಸೋ ಕೆಲ್ಸ ಐತಂತೆ. ಉಳಿ ಬೇಡ, ಬಾಚಿ ಬೇಡ. ಸ್ಕ್ರೂ ತಿರುಗ್ಸಿದ್ರೆ ಆಯ್ತು."

ಮೂವತ್ತು ವರ್ಷ ಉಳಿ ಹಿಡಿದ ಕೈ ಸ್ಕ್ರೂ ತಿರುಗಿಸುವುದೇ?

"ರೀ, ನೆಟ್ಟಲ್ಲಿ ಅಂಗಡಿ ಹಾಕ್ತೀನಿ. ಒಂದು ಅವಕಾಶ ಕೊಡಿ," ಎಂದೆ.

ಅವರು ಉಳಿ ಕೆಳಗಿಟ್ಟರು. "ಭೀಮನ ಅಮಾವಾಸ್ಯೆವರ್ಗೂ ಟೈಮು. ನೆಂಟ್ರಲ್ಲ, ಇಷ್ಟ್ರಲ್ಲ, ನಮ್ಮ ಮುಖಾನೇ ಕಾಣದವ್ರು ಒಬ್ರು ಬಂದು ಒಂದು ಮಣೆ ಕೇಳ್ಲಿ. ಇಲ್ದಿದ್ರೆ ಮಾರ್ನೆ ದಿನ ಶೆಡ್ಡಿಗೆ ಬೀಗ."

ಆಷಾಢದ ಕೊನೆಯ ದಿನವೇ ಭೀಮನ ಅಮಾವಾಸ್ಯೆ. ಪೂರ್ತಿ ಇಪ್ಪತ್ತಾರು ದಿನ ಇತ್ತು. ಇಪ್ಪತ್ತಾರಾದರೂ ಇದೆಯಲ್ಲ, ದೇವರು ದೊಡ್ಡವನು ಎಂದು ಕೈಮುಗಿದು ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ.

ಅಲ್ಲಿ ತಾಲ್ಲೂಕು ಕಚೇರಿ ಬೀದಿಯಲ್ಲಿ ನಾಗರತ್ನ ಎಂಬ ಹೆಣ್ಣುಮಗಳು ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಮಾಡಿಕೊಡುತ್ತಾಳೆ. ವೆಬ್‌ಸೈಟೂ ಮಾಡುತ್ತಾಳಂತೆ. "ಗೌರಕ್ಕ, ಏನ್ ಹಾಕ್ಬೇಕೋ ನೀವೇ ಬರ್ಕೊಡಿ, ಫೋಟೊ ಕೊಡಿ, ಮಿಕ್ಕಿದ್ದು ನಂಗ್ ಬುಡಿ," ಎಂದಳು.

ನನಗೆ ಗೊತ್ತಿರುವ ಅಚ್ಚಿನ ಬರವಣಿಗೆ ಎಂದರೆ ಲಗ್ನಪತ್ರಿಕೆ ಒಂದೇ. ಹಾಗೆಯೇ ಬರೆದೆ. ಮೊದಲು ಗಣೇಶ, ಆಮೇಲೆ ಕುಲದೇವರು, ಆಮೇಲೆ ಊರ ದೇವರು, ಹಿರಿಯರ ಆಶೀರ್ವಾದ, "ತಾವು ಸಕುಟುಂಬ ಸಪರಿವಾರ ಸಮೇತ ಆಗಮಿಸಿ" ಎಂಬ ಬಿನ್ನಹ. ಅದರ ಕೆಳಗೆ ಸುಖಾಗಮನ ಬಯಸುವವರು ಎಂದು ಎರಡೂ ಕಡೆಯ ನೆಂಟರ ಹೆಸರು, ನಲವತ್ತೊಂದು. ಗೃಹಪ್ರವೇಶದ ಪತ್ರಿಕೆಯಲ್ಲಿ ಒಂದು ಹೆಸರು ಬಿಟ್ಟದ್ದಕ್ಕೆ ನಮ್ಮ ನಾದಿನಿ ಮೂರು ವರ್ಷ ಮಾತು ಬಿಟ್ಟಿದ್ದಳು. ಈ ಸಲ ಯಾರನ್ನೂ ಬಿಡಲಿಲ್ಲ. ಮಣೆಯನ್ನೇ ಬಿಟ್ಟಿದ್ದೆ! ನಾಗರತ್ನ ಜ್ಞಾಪಿಸಿದ ಮೇಲೆ ಕಟ್ಟಕಡೆಗೆ ಮಣೆಯದೊಂದು ಫೋಟೊ, ನನ್ನ ಫೋನ್ ನಂಬರು, ಒಂದು ಸಾಲು ಸೇರಿಸಿದೆವು: ಹಸೆಮಣೆ ದೊರೆಯುತ್ತದೆ.

ಒಂದು ವಾರ ಕಾದೆ. ಬಂದದ್ದು ಒಂದೇ ಫೋನು, ನಾಗಮಂಗಲದ ದೂರದ ಚಿಕ್ಕಪ್ಪನದು. "ಪತ್ರಿಕೆ ನೋಡ್ದೆ ಕನವ್ವ. ಮದ್ವೆ ಯಾವ ಛತ್ರದಲ್ಲಿ?"

ಅನುಮಾನ ಬಂದು ನಾನೇ ನೆಟ್ಟಿನಲ್ಲಿ "ಹಸೆಮಣೆ" ಎಂದು ಹಾಕಿ ಹುಡುಕಿದೆ. ಒಂದನೇ ಪುಟ, ಎರಡನೇ ಪುಟ, ಒಂಬತ್ತನೇ ಪುಟ! ನಾನು ಪತ್ರಿಕೆಯಲ್ಲಿ ಕರೆದಿದ್ದ ದೇವರುಗಳ ಭಕ್ತಿಗೀತೆಗಳನ್ನು ಹುಡುಕಿದರೆ ಅವೆಲ್ಲ ತಕ್ಷಣ ಸಿಕ್ಕವು. ನಮ್ಮ ಅಂಗಡಿ ಸಿಗಲಿಲ್ಲ.

ನಾಗರತ್ನಳಿಗೆ ಫೋನ್ ಮಾಡಿದೆ. "ಅಕ್ಕ, ಅದು ಅಂಗೇ ಮೇಲೆ ಬರಲ್ಲ. ಜನ ಏನಂತ ಹುಡುಕ್ತಾರೋ ಆ ಮಾತು ನಮ್ ಪುಟದಲ್ಲಿ ಇರ್ಬೇಕು. ಆಮೇಲೆ ಜನ ಬಂದು ಬಂದು ಒತ್ತಬೇಕು. ಆಗ ಮೇಲಕ್ಕೆ ಬತ್ತದೆ."

ಜನ ಏನಂತ ಹುಡುಕುತ್ತಾರೆ? ಜನರನ್ನೇ ಕೇಳಿದರಾಯಿತು! ಶನಿವಾರ ನಮ್ಮ ಭಜನೆ ಮಂಡಳಿ ಗುಡಿಯಲ್ಲಿ ಸೇರಿದಾಗ, ಮಂಗಳಾರತಿ ಆದ ಮೇಲೆ ನೋಟ್‌ಬುಕ್ ಹಿಡಿದು ಕೂತೆ.

"ನೀವೆಲ್ಲ ಫೋನಲ್ಲಿ ಏನೇನ್ ಹುಡುಕ್ತೀರಿ, ದೇವರ ಮುಂದೆ ನಿಜ ಹೇಳಿ."

"ಕನ್ನಂಬಾಡಿ ಕಟ್ಟೇಲಿ ನೀರೆಷ್ಟು ಅಂತ," ಎಂದರು ಪಕ್ಕದ ಮನೆಯ ಪುಟ್ಟತಾಯಮ್ಮ. ಅವರದು ಗದ್ದೆ, ಹಸು ಇರುವ ಮನೆ.

"ಕೆ.ಆರ್.ಪೇಟೆ ಬಸ್ಸು ಎಷ್ಟೊತ್ತಿಗೆ ಅಂತ."

"ಹಸ ಒದ್ದರೆ ಏನ್ ಮಾಡ್ಬೇಕು ಅಂತ."

"ನಮ್ಮುಡ್ಗುಂಗೆ ಎಲ್ಲಾದ್ರೂ ಹೆಣ್ಣೈತಾ ಅಂತ."

ಹಸೆಮಣೆ ಎಂದು ಒಬ್ಬರೂ ಹೇಳಲಿಲ್ಲ. ಆದರೂ ಹುಡುಕುವವರು ಜನ ತಾನೇ! ಮೂವತ್ತೆರಡು ಮಾತು ಬರೆದುಕೊಂಡು ಒಂದೂ ಬಿಡದೆ ನಾಗರತ್ನಳಿಗೆ ಕಳಿಸಿದೆ. ಅವಳು ಶ್ರಾವಣದ ಲಗ್ನಪತ್ರಿಕೆಗಳ ಗಡಿಬಿಡಿಯಲ್ಲಿದ್ದಳು. ಓದದೆ ಹಾಕಿಬಿಟ್ಟಳು.

ಇನ್ನು ಒತ್ತುವುದು ಬಾಕಿ ಇತ್ತು. ಅದಕ್ಕೆ ಪುಟ್ಟತಾಯಮ್ಮನೇ ದಾರಿ ತೋರಿದರು. "ಅದ್ಯಾವ್ ಮಹಾ ಬುಡು ಗೌರಮ್ಮ. ಅರ್ಚನೆ ಮಾಡ್ದಂಗೆ ಒಬ್ಬೊಬ್ರು ನೂರೆಂಟು ಸಲ ಒತ್ಬುಡಾನ."

ಮುಂದಿನ ಶನಿವಾರ ಹನ್ನೊಂದು ಜನ ಹೆಂಗಸರು ಕಾಲು ಮಡಿಸಿ ಕೂತೆವು. ನಾನು ಸಂಕಲ್ಪ ಮಾಡಿಸಿದೆ. ಎಡಗೈಯಲ್ಲಿ ಜಪಸರ, ಬಲಗೈಯಲ್ಲಿ ಫೋನು. ಅಂಗಡಿ ತೆಗೆ, ಮುಚ್ಚು, ಒಂದು ಮಣಿ ಉರುಳಿಸು. ಗುಡಿಯಲ್ಲಿ ಇಷ್ಟು ಏಕಾಗ್ರತೆಯಿಂದ ನಾವು ಯಾವತ್ತೂ ಕೂತಿರಲಿಲ್ಲ.

ಮನೆಗೆ ಬರುವಷ್ಟರಲ್ಲಿ ನನ್ನ ಫೋನು ನಡುಗುತ್ತಿತ್ತು. ಆರ್ಡರು! ಒಂದಲ್ಲ, ಹತ್ತಲ್ಲ, ನೂರೆಂಟು ಹಸೆಮಣೆ!

"ರೀ! ನೂರೆಂಟು ಮಣೆ ಕೇಳವ್ರೆ ರೀ!"

ಯಜಮಾನರು ಪಂಚೆ ಎತ್ತಿ ಕಟ್ಟಿ ಶೆಡ್ಡಿಗೆ ಓಡಿದರು. ಹಲಗೆ ಎಣಿಸಿದರು. ತಲೆ ಕೆರೆದುಕೊಂಡರು. "ಇಡೀ ತಾಲ್ಲೂಕ್ಗೇ ಮದ್ವೆನಾ? ಯಾರೇ ಅದು ಕೇಳಿರೋರು? ಹೆಸರು ಓದು."

ಓದಿದೆ. ಪುಟ್ಟತಾಯಮ್ಮ. ವಿಳಾಸ: ನಮ್ಮ ಪಕ್ಕದ ಮನೆ.

ಎಲ್ಲರೂ ಅಂಗಡಿ ತೆಗೆದು ಮುಚ್ಚುತ್ತಿದ್ದರೆ ಅವರು ಭಕ್ತಿ ಹೆಚ್ಚಾಗಿ "ಆರ್ಡರ್ ಮಾಡಿ" ಎಂಬ ಕೆಂಪು ಗುಂಡಿಯನ್ನೇ ಒತ್ತಿದ್ದರು. "ಕೆಂಪಗೆ ಕುಂಕ್ಮದಂಗೆ ಇತ್ತಲ್ಲವ್ವ, ಅದೇ ಅಂದ್ಕಂಡೆ," ಎಂದರು ಬೇಲಿಯ ಆಚೆಯಿಂದ. ಯಜಮಾನರು ಪಂಚೆ ಇಳಿಬಿಟ್ಟು ಒಳಗೆ ಹೋದರು. ಪುಣ್ಯಕ್ಕೆ ಮರ ಕೊಯ್ದಿರಲಿಲ್ಲ.

ಅಮಾವಾಸ್ಯೆಗೆ ಒಂಬತ್ತು ದಿನ ಇರುವಾಗ ನಮ್ಮ ಅಂಗಡಿ ನಿಜವಾಗಿಯೂ ಮೇಲಕ್ಕೆ ಬಂತು. ಮೊಟ್ಟಮೊದಲ ಜಾಗ! ಹಸೆಮಣೆ ಎಂದು ಹುಡುಕಿದರೆ ಅಲ್ಲ. "ಪಾಂಡವಪುರದಿಂದ ಕೆ.ಆರ್.ಪೇಟೆಗೆ ಬಸ್ಸು ಎಷ್ಟು ಗಂಟೆಗೆ" ಎಂದು ಹುಡುಕಿದರೆ. ಇಂಥದ್ದನ್ನೆಲ್ಲ ಕನ್ನಡದಲ್ಲಿ ಉದ್ದಕ್ಕೆ ಬರೆದಿಟ್ಟ ಪುಣ್ಯಾತ್ಮರು ನೆಟ್ಟಿನಲ್ಲಿ ಬೇರೆ ಯಾರೂ ಇರಲಿಲ್ಲವಂತೆ.

ಫೋನು ಶುರುವಾಯಿತು. ಮೊದಲನೆಯದು ಹೊಣಕೆರೆಯಿಂದ. ನಗುನಗುತ್ತಾ ಎತ್ತಿದೆ.

"ಅಮ್ಮೋ, ಕಟ್ಟೇಲಿ ಎಷ್ಟಡಿ ಐತೆ ಇವತ್ತು?"

"ಇದು ಹಸೆಮಣೆ ಅಂಗಡಿ ಕಣಪ್ಪ."

"ಅದಿರ್ಲಿ, ನೀರೆಷ್ಟೈತೆ ಹೇಳಿ. ನಾಟಿ ಹಾಕ್ಬೇಕು."

ನಾಟಿ ಹಾಕುವ ಮನುಷ್ಯನಿಗೆ ಗೊತ್ತಿಲ್ಲ ಎನ್ನುವುದು ಹೇಗೆ? ಬಾಯಾರಿ ಬಂದವರಿಗೆ ನೀರು ಕೊಟ್ಟೇ ನಾನು ಬೆಳೆದವಳು. ಪೇಪರು ನೋಡಿ ಹೇಳಿದೆ. ಮರುದಿನ ಅವರ ಅಣ್ಣ, ಭಾವ, ಪಕ್ಕದ ಗದ್ದೆಯವರು ಎಲ್ಲರೂ ಕೇಳಿದರು. ಆದಿಚುಂಚನಗಿರಿಗೆ ಹೋಗುವ ಬಸ್ಸು ಕೇಳಿದರು. ಹಸು ಒದೆಯುತ್ತದೆ ಎಂದರು. ಹಸುವಿನ ವಿಷಯವನ್ನು ನೇರವಾಗಿ ಪುಟ್ಟತಾಯಮ್ಮನವರಿಗೆ ವರ್ಗಾಯಿಸುತ್ತಿದ್ದೆ.

ಒಮ್ಮೆ ನಾನು ಸ್ನಾನಕ್ಕೆ ಹೋಗಿದ್ದಾಗ ಯಜಮಾನರು ಫೋನ್ ಎತ್ತಿದರು. ಬಚ್ಚಲಿಗೇ ಕೇಳಿಸಿತು.

"ಹೆಣ್ಣಾ? ಒಂದಿತ್ತು ಕಣಪ್ಪ. ನಾನೇ ಮದ್ವೆ ಆಗ್ಬುಟ್ಟೆ. ಏನ್ ಮಾಡದು, ಮುಂಚೆನೇ ಕೇಳ್ಬಾರ್ದಿತ್ತಾ?"

ಬಸ್ಸಿನ ಸಮಯ ತಪ್ಪು ಹೇಳಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ನಾನು ದಿನಾ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರುಗಳನ್ನೇ ಕೇಳಿ ಬರೆದುಕೊಂಡು ಬರತೊಡಗಿದೆ. ಅವರು ನನ್ನನ್ನು ಕಂಡು ಚೆಕಿಂಗ್ ಮೇಡಂ ಎಂದುಕೊಂಡು ಟೋಪಿ ಸರಿಮಾಡಿಕೊಳ್ಳುತ್ತಿದ್ದರು.

"ಅಂಗ್ಡಿ ಇಟ್ಟಿದ್ದೀಯೋ, ವಿಚಾರಣೆ ಕೌಂಟ್ರು ಇಟ್ಟಿದ್ದೀಯೋ?" ಎಂದರು ಯಜಮಾನರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಇನ್ನೂ ಹೆದರಿಕೆ ತಂದಿತು. ಇವರು ಮನಸ್ಸಿನಲ್ಲೇ ಬೀಗ ಹಾಕಿಬಿಟ್ಟರು ಎಂದುಕೊಂಡೆ.

ಅಮಾವಾಸ್ಯೆ ಬಂದೇ ಬಂತು. ಆ ದಿನ ಗಂಡನ ಪಾದಪೂಜೆ. ಯಜಮಾನರನ್ನು ಅವರೇ ಮಾಡಿದ ಮಣೆಯ ಮೇಲೆ ಕೂರಿಸಿ, ಪಾದ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟೆ. ಈ ಕಾಲು ನಾಳೆ ಮೈಸೂರಿನ ಪ್ಲೈವುಡ್ಡು ತುಳಿಯುತ್ತದಲ್ಲ ಎಂದು ಕಣ್ಣು ತುಂಬಿ ಬಂತು. ಎಂದೂ ಇಲ್ಲದ ಭಕ್ತಿಯಿಂದ ಎರಡನೇ ಸಲ ತೊಳೆದೆ. ಮೂರನೇ ಸಲವೂ ತೊಳೆದೆ. ಅವರು ಕಣ್ಣು ಮುಚ್ಚಿ ದೇವರ ಹಾಗೆಯೇ ಕೂತಿದ್ದರು.

ಫೋನು ಬಡಿದುಕೊಂಡಿತು. ಕುಂಕುಮದ ಕೈಯಲ್ಲೇ ಎತ್ತಿದೆ.

"ಅಮ್ಮಾ, ನಾನು ಕೆ.ಆರ್.ಪೇಟೆಯಿಂದ..." ಎಂದಿತು ಹೆಂಗಸಿನ ದನಿ.

"ಹತ್ತೂಕಾಲಕ್ಕೊಂದು, ಹನ್ನೊಂದೂವರೆಗೊಂದು. ಚಿಲ್ಲರೆ ಇಟ್ಕೊಳಿ, ಕಂಡಕ್ಟ್ರು ಬೈತಾರೆ," ಎಂದು ಒಂದೇ ಉಸಿರಿಗೆ ಹೇಳಿದೆ.

"ಅಲ್ಲಮ್ಮ, ಹಸೆಮಣೆ..."

"ಕಟ್ಟೆ ನೀರು ಜಾಸ್ತಿ ಆಗದೆ, ನಾಟಿ ಹಾಕ್ಬೋದು!" ಎಂದು ಫೋನ್ ಇಟ್ಟುಬಿಟ್ಟೆ.

ಇಟ್ಟ ಮೇಲೆ ತಲೆಗೆ ಹತ್ತಿತು. ಆಕೆ ಏನೆಂದಳು? ಹಸೆಮಣೆ! ಇಪ್ಪತ್ತಾರು ದಿನ ಕಾದು, ನೂರೆಂಟು ಒತ್ತಿ, ಬಂದ ಒಬ್ಬಳೇ ಒಬ್ಬ ಗಿರಾಕಿಗೆ ಬಸ್ಸು ಹತ್ತು ಎಂದು ಕಳಿಸಿಬಿಟ್ಟಿದ್ದೆ! ತಿರುಗಿ ಫೋನ್ ಮಾಡಿದೆ.

"ತಪ್ಪಾಯ್ತು ತಾಯಿ, ಮಣೆ ಬೇಕಾ? ಇವತ್ತೇ ಹೇಳ್ಬುಡಿ, ದಮ್ಮಯ್ಯ!"

ಆಕೆ ನಕ್ಕರು. "ಬೇಕು ಅಂತ ಮೊನ್ನೆನೇ ಹೇಳೋಗಿದ್ದೀನಲ್ಲ. ಬಸ್ಸು ಹುಡುಕಕ್ಕೆ ಹೋಗಿ ನಿಮ್ ಮಣೆ ಫೋಟೊ ಕಂಡೆ. ಫೋನ್ ಮಾಡಿ ಕೇಳ್ದೆ, ನೀವು ಹೇಳಿದ ಬಸ್ಸಲ್ಲೇ ಬಂದೆ. ನೀವು ಬಸ್ ಸ್ಟ್ಯಾಂಡಿಗೆ ಹೋಗಿದ್ರಂತೆ, ಯಜಮಾನ್ರಿಗೇ ಹೇಳಿ ಬಂದೆ, ಮಗಳ ಮದ್ವೆಗೆ. ದೇವರ ಮಣೆನೂ ಒಂದು ಸೇರ್ಸಿ ಅನ್ನಕ್ಕೆ ಫೋನ್ ಮಾಡ್ದೆ, ನೀವು ನಾಟಿ ಹಾಕು ಅಂದ್ರಿ."

ಫೋನ್ ಇಟ್ಟು ಮಣೆಯ ಮೇಲಿದ್ದ ದೇವರ ಕಡೆ ತಿರುಗಿದೆ. ದೇವರು ಒಂದು ಕಣ್ಣು ತೆರೆದಿತ್ತು.

"ರೀ! ಮೊನ್ನೆನೇ ಬಂದಿದ್ರಂತೆ?"

"ಹೂಂ. ಬಂದಿದ್ರು. ಮೈಸೂರವ್ರಿಗೆ ಬರಲ್ಲ ಅಂತ ಆವತ್ತೇ ಹೇಳ್ಬುಟ್ಟೆ."

"ನಂಗ್ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಇವತ್ತು ಮೂರು ಸಲ ಕಾಲು ತೊಳೀತಿದ್ಯಾ?"

ಪಾದ ತೊಳೆದ ನೀರಿನ ತಟ್ಟೆ ಕೈಗೆ ಸಿಗುವಂತೆಯೇ ಇತ್ತು. ಹಬ್ಬದ ದಿನ, ಪೂಜೆಯ ನೀರು ಎಂದು ತಡೆದುಕೊಂಡೆ. ಶೆಡ್ಡಿನ ಬಾಗಿಲು ತೆರೆದೇ ಉಳಿಯಿತಲ್ಲ, ನನಗೆ ಅಷ್ಟೇ ಸಾಕಿತ್ತು.

ಶ್ರಾವಣದಲ್ಲಿ ಮಣೆ ಕೆ.ಆರ್.ಪೇಟೆಗೆ ಹೋಯಿತು, ಮದುವೆ ಚೆನ್ನಾಗಿ ಆಯಿತು. ಹೋದ ವಾರ ಆ ತಾಯಿ ನಮ್ಮ ಅಂಗಡಿಯ ಪುಟದಲ್ಲಿ ಅಭಿಪ್ರಾಯ ಬರೆದಿದ್ದಾರೆ. ನಮಗೆ ಬಂದ ಮೊದಲ ಅಭಿಪ್ರಾಯ. ದೀಪ ಹಚ್ಚಿಟ್ಟು, ಯಜಮಾನರನ್ನು ಕರೆದು ಕೂರಿಸಿ ಗಟ್ಟಿಯಾಗಿ ಓದಿದೆ.

"ಮಣೆ ಬಲು ಗಟ್ಟಿ. ಕೆಲಸ ಅಚ್ಚುಕಟ್ಟು. ಯಜಮಾನರು ಸಮಾಧಾನದವರು. ಫೋನ್ ಎತ್ತುವ ಅಮ್ಮ ಬಸ್ಸಿನ ಸಮಯ ಬಹಳ ಸರಿಯಾಗಿ ಹೇಳುತ್ತಾರೆ. ನಾವು ಹೇಳುವುದನ್ನೂ ಸ್ವಲ್ಪ ಕೇಳಿಸಿಕೊಂಡರೆ ಒಳ್ಳೆಯದು."

ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟಿದ್ದರು. ಹೋದ ಒಂದು ಯಾರ ಲೆಕ್ಕದ್ದು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.