ಪೆಡಲಿನ ನಾಡಿ

“ಭಾವ, ಈ ಬ್ರೇಕಿನ ಹಣೆಬರಹ ಇವತ್ತು ಬಯಲಾಗುತ್ತೆ!” ಎಂದು ಪಟ್ಟಾಭಿ ಕಾರಿನ ಬಾಗಿಲು ತೆರೆದು ನಿಂತ.

ಪಟ್ಟಾಭಿ ನನ್ನ ಹೆಂಡತಿ ವೈದೇಹಿಯ ತಮ್ಮ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಅದರ ಆಚೆಯಿಂದ ಮೂವತ್ತು ವರ್ಷಗಳಿಂದ ಸುಟ್ಟ ವೈರಿನ ವಾಸನೆ ಬರುತ್ತಿದೆ. ಮೊದಲೆಲ್ಲ ಆ ವಾಸನೆ ಬಂದರೆ ವೈದೇಹಿ ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದಳು. ಈಗ ನಾನು ಹಚ್ಚುತ್ತೇನೆ.

ಅಂದು ಅವಳ ವರ್ಷದ ತಿಥಿ. ನದಿದಡದ ಪಶ್ಚಿಮವಾಹಿನಿಯಲ್ಲಿ ಹನ್ನೆರಡೂವರೆಯೊಳಗೆ ಸಂಕಲ್ಪವಾಗಬೇಕೆಂದು ಪುರೋಹಿತರಾದ ಸುಬ್ಬಾವಧಾನಿಗಳು ಕಟ್ಟುನಿಟ್ಟಾಗಿ ಹೇಳಿದ್ದರು. ಕೊನೆಯ ದಿನ ಔಷಧ ತರಲು ಹೋಗಿದ್ದ ನಾನು ಆಸ್ಪತ್ರೆಗೆ ತಿರುಗಿ ಬರುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು. ಇನ್ನೊಮ್ಮೆ ಅವಳ ವಿಷಯದಲ್ಲಿ ತಡವಾಗಬಾರದೆಂದು ನಾನು ಬೆಳಗಿನ ಐದಕ್ಕೇ ಮಡಿಯುಟ್ಟು ಕುಳಿತಿದ್ದೆ.

ಬ್ರೇಕ್ ಪೆಡಲಿಗೆ ಹಿತ್ತಾಳೆಯ ಮೂರು ಬೆರಳುಗಳು ಅಂಟಿಕೊಂಡಿದ್ದವು. ಬೆರಳುಗಳಿಂದ ಹೊರಟ ತಂತಿ ಒಂದು ಪೆಟ್ಟಿಗೆಯನ್ನು ಸೇರಿತ್ತು.

“ನಾಡಿ ಯಂತ್ರ! ವೈದ್ಯರು ಕೈ ಹಿಡಿದು ನೋಡ್ತಾರಲ್ಲ, ಹಾಗೆ ಇದು ಪೆಡಲ್ ಹಿಡಿದು ನೋಡುತ್ತೆ. ದಾರಿಯಲ್ಲಿ ಒಂದೊಂದು ಕಡೆ ಕಾಲಿಟ್ಟರೆ ಪೆಡಲ್ ತಾನಾಗಿ ಮೆತ್ತಗೆ ಕೆಳಕ್ಕೆ ಜಾರುತ್ತೆ. ಸರ್ವಿಸ್‌ನವರು ಮೂರು ಸಲ ನೋಡಿ, ಏನೂ ತೊಂದರೆ ಇಲ್ಲ ಸಾರ್ ಅಂದ್ರು. ನನ್ನ ಯಂತ್ರ ಒಳಗಿರೋ ರೋಗಾನ ಹೊರಕ್ಕೆಳೆದು ತೋರಿಸುತ್ತೆ! ಔಷಧ ಸಿಕ್ಕಿದರೆ ಇದೇ ಮಾದರಿಯ ಎಲ್ಲಾ ಕಾರುಗಳಿಗೂ ಗಾಳಿಯಲ್ಲೇ ಕಳಿಸಿಬಿಡುತ್ತೆ!”

“ತಿಥಿ ದಿನಾನೂ ಬಿಡಲ್ವೇನ್ರೀ ನಿಮ್ಮ ಚೇಷ್ಟೆ?” ಎಂದಳು ಅವನ ಹೆಂಡತಿ ಕುಸುಮ. “ಅಣ್ಣಾ, ಟ್ಯಾಕ್ಸಿ ಕರೀರಿ. ಇವರನ್ನ ನಂಬಿದರೆ ಮುಂದಿನ ವರ್ಷದ ತಿಥಿಗೆ ತಲುಪ್ತೀವಿ.”

ಹದಿನೈದು ಕಿಲೋಮೀಟರಿನ ದಾರಿ, ಗಂಟೆಯಿನ್ನೂ ಹತ್ತು. ಸರಿಯೆಂದು ಹೊರಟೆವು. ಮುಂದೆ ಎಡಗಡೆಯ ಸೀಟಿನಲ್ಲಿ ದರ್ಭೆ, ಎಳ್ಳುಗಳ ಬುಟ್ಟಿಯನ್ನಿಟ್ಟು ನಾನು ಕುಸುಮಳೊಡನೆ ಹಿಂದೆ ಕುಳಿತೆ. ಆ ಸೀಟು ವೈದೇಹಿಯದು. ಒಂದು ವರ್ಷದಿಂದ ನಾನು ಅದರಲ್ಲಿ ಕುಳಿತಿರಲಿಲ್ಲ.

ಬೀದಿಯ ಕೊನೆಯ ಗಣಪತಿ ಗುಡಿಯ ಮುಂದೆ ಕಾರು ಗಕ್ಕನೆ ನಿಂತಿತು!

“ನಾನು ತುಳೀಲಿಲ್ಲ ಭಾವ! ನೋಡಿ, ಕಾಲು ಇಲ್ಲಿದೆ!” ಎಂದು ಪಟ್ಟಾಭಿ ಪಾದವನ್ನು ಸ್ಟಿಯರಿಂಗಿನವರೆಗೆ ಎತ್ತಿ ತೋರಿಸಿದ.

“ವಾತ ಕೆರಳಿದೆ,” ಎಂದಿತು ಪೆಟ್ಟಿಗೆ, ಮುದಿ ಪಂಡಿತನ ದನಿಯಲ್ಲಿ. “ಶಾಖ ಕೊಡತಕ್ಕದ್ದು.”

ಒಂದು ಸ್ತೋತ್ರ ಹೇಳಿ ಮುಗಿಸುವಷ್ಟು ಹೊತ್ತಾದ ಮೇಲೆ ಪೆಡಲ್ ತಾನಾಗಿಯೇ ಮೇಲೆದ್ದಿತು. ಅಷ್ಟರಲ್ಲಿ ಸೀಟುಗಳು ಹೆಂಚಿನಂತೆ ಕಾದಿದ್ದವು. ಕುಸುಮ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಒರಗುತ್ತ, “ನಾನೇನು ದೋಸೆಯೇನ್ರೀ, ತಿರುವಿ ಹಾಕೋಕೆ?” ಎಂದು ಕೂಗಿದಳು.

ಮುಂದೆ ಮಾರಮ್ಮನ ಗುಡಿ. ಕಾರು ನಿಂತಿತು! “ಪಿತ್ತವೂ ಸೇರಿದೆ. ತಂಪು ಮಾಡತಕ್ಕದ್ದು.” ಹಿಮಾಲಯವೇ ಒಳನುಗ್ಗಿದಂತೆ ತಣ್ಣನೆಯ ಗಾಳಿ ಬೀಸಿ ನನ್ನ ಹಲ್ಲುಗಳು ಕಟಕಟನೆ ಬಡಿದುಕೊಂಡವು. ನಾಗರಕಟ್ಟೆಯ ಬಳಿ ಕಫ ಬಂತು. ಕಫಕ್ಕೆ ಔಷಧವೆಂದರೆ ಕೆಮ್ಮಿಸುವುದಂತೆ. ಹಾರ್ನು ಬಿಟ್ಟು ಬಿಟ್ಟು ಕೂಗಿ ಮುಂದೆ ಹೋಗುತ್ತಿದ್ದ ಎಮ್ಮೆಗಳನ್ನೆಲ್ಲ ಗದ್ದೆಗೆ ಇಳಿಸಿತು! ಹೀಗೆ ಇನ್ನೂ ಹತ್ತಾರು ಕಡೆ ನಿಂತೆವು.

“ನಿಲ್ಲಿಸೋ ಅದನ್ನ! ಹನ್ನೊಂದೂವರೆ ಆಯ್ತು!” ಎಂದೆ.

“ಈಗ ತೆಗೆದರೆ ಅರ್ಧ ಚಿಕಿತ್ಸೆಯಾಗುತ್ತೆ ಭಾವ, ಕಾರಿನ ಪ್ರಾಣಕ್ಕೇ ಅಪಾಯ!”

“ನನ್ನ ಪ್ರಾಣ ಹೋಗ್ತಾ ಇದೆಯಲ್ಲೋ!”

ಅವಧಾನಿಗಳಿಗೆ ಮೂರು ಸಲ ಫೋನು ಮಾಡಿದೆ, ಅವರು ಎತ್ತಲಿಲ್ಲ. ಕೋಪವೇ ಇರಬೇಕೆಂದುಕೊಂಡೆ. ಆಟೋ ಹಿಡಿಯೋಣವೆಂದರೆ ಒಂದೂ ಖಾಲಿಯಿರಲಿಲ್ಲ.

ಹನ್ನೆರಡು ಗಂಟೆಗೆ ರಸ್ತೆಬದಿಯ ಪುಟ್ಟ ಆಂಜನೇಯನ ಗುಡಿಯ ಮುಂದೆ ಕಾರು ನಿಂತಿತು. ಸ್ತೋತ್ರ ಮುಗಿಯುವಷ್ಟು ಹೊತ್ತಾಯಿತು, ಎರಡು ಸ್ತೋತ್ರಗಳಷ್ಟಾಯಿತು. ಪೆಡಲ್ ಏಳಲಿಲ್ಲ. ಪಟ್ಟಾಭಿ ಕೆಳಗೆ ಬಗ್ಗಿ ಎರಡೂ ಕೈಗಳಿಂದ ಎಳೆದ. ಅದು ಕಲ್ಲಾಗಿತ್ತು.

“ಕಾರು ನಿರೋಗಿ,” ಎಂದಿತು ಪೆಟ್ಟಿಗೆ. “ಇದು ಅಭ್ಯಾಸ. ತುಳಿದು ಕಲಿಸಿದ ಕಾಲು ಬಲಗಡೆಯದಲ್ಲ, ಎಡಗಡೆಯ ಸೀಟಿನದು.”

ಪಟ್ಟಾಭಿಯ ಮುಖ ಬಿಳಿಚಿಕೊಂಡಿತು. ಅವನು ಮೆಲ್ಲನೆ ಬುಟ್ಟಿಯನ್ನು ಸರಿಸಿ, ಆ ಸೀಟಿನ ಮುಂದಿನ ಚಾಪೆಯನ್ನು ಎತ್ತಿದ. ಅಡಿಯಲ್ಲಿ ಅಂಗೈಯಗಲದ ಒಂದು ರಬ್ಬರ್ ಹಲಗೆ. ಅದರಿಂದ ಒಂದು ತಂತಿ.

“ಅಕ್ಕ ನನ್ನ ಪಕ್ಕ ಕೂತಾಗ ಗುಡಿ ಕಂಡ ಕಡೆಯೆಲ್ಲ ನಿಲ್ಲಿಸೋ ನಿಲ್ಲಿಸೋ ಅಂತ ನೆಲ ಒತ್ತುತ್ತಿದ್ದಳಲ್ಲ ಭಾವ. ಒತ್ತಿದರೆ ನಿಜವಾಗಿ ನಿಲ್ಲಲಿ, ಸಂತೋಷಪಡಲಿ ಅಂತ ನಾನೇ ಇಟ್ಟಿದ್ದೆ. ಈ ಕಾರಿನ ಬ್ರೇಕು ಕಾಲಿನ ಅಭ್ಯಾಸ ಕಲಿಯುತ್ತೆ. ಅವಳು ಹೋದ ಮೇಲೆ ತೆಗೆಯೋಕೆ... ಮರೆತೇಬಿಟ್ಟೆ.”

ಕುಸುಮ ಮುಂದಕ್ಕೆ ಬಗ್ಗಿ ಆ ಹಲಗೆಯನ್ನು ನೋಡಿದಳು.

“ಅಣ್ಣಾ,” ಎಂದಳು, “ಇಲ್ಲಿಂದ ಹೊರಡೋವಾಗ ಅತ್ತಿಗೆ ಏನು ಮಾಡ್ತಿದ್ರು?”

ನನಗೆ ಗೊತ್ತಿತ್ತು. ಮಂಡಿನೋವಿನಿಂದ ಅವಳು ಇಳಿಯುತ್ತಿರಲಿಲ್ಲ. ಬೇರೆ ಗುಡಿಗಳ ಮುಂದೆ ಒಂದು ಸ್ತೋತ್ರ ಹೇಳಿ ಮುಗಿಸುತ್ತಿದ್ದಳು, ಇಲ್ಲಿ ಮಾತ್ರ ಕುಳಿತಲ್ಲೇ ಕೈಮುಗಿದು, ಹಿಮ್ಮಡಿಯಿಂದ ಎರಡು ಸಲ ನೆಲ ತಟ್ಟಿ, “ಹ್ಞೂಂ, ನಡಿ” ಎನ್ನುತ್ತಿದ್ದಳು.

ಬುಟ್ಟಿಯನ್ನು ಕುಸುಮಳ ಕೈಗೆ ಕೊಟ್ಟು ನಾನು ಮುಂದಿನ ಸೀಟಿನಲ್ಲಿ ಕುಳಿತೆ. ಸೀಟು ಅವಳಿಗೆ ಬೇಕಾದಂತೆ ಬಹಳ ಮುಂದಕ್ಕಿತ್ತು. ನನ್ನ ಮೊಣಕಾಲು ಎದೆಗೆ ತಾಗಿತು. ಹಾಗೆಯೇ ಇರಲೆಂದು ಸರಿಸಲಿಲ್ಲ. ಆಂಜನೇಯನಿಗೆ ಕೈಮುಗಿದೆ. ಹಿಮ್ಮಡಿಯಿಂದ ಎರಡು ಸಲ ತಟ್ಟಿದೆ.

“ಹ್ಞೂಂ, ನಡಿ.”

ಪೆಡಲ್ ಸರ್ರನೆ ಎದ್ದಿತು! ಕಾರು ಹೊರಟಿತು! “ಔಷಧ ದೊರೆಯಿತು. ಇಲ್ಲಿ ನಿಂತು, ಎರಡು ಸಲ ನೆಲ ತಟ್ಟಿದ ಮೇಲೆ ಹೊರಡತಕ್ಕದ್ದು. ಎಲ್ಲ ಕಾರುಗಳಿಗೂ ಕಳಿಸಲಾಗಿದೆ,” ಎಂದು ಪೆಟ್ಟಿಗೆ ಘೋಷಿಸಿ, ಒಂದು ಕಿಡಿ ಹಾರಿಸಿ, ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು.

ನದಿಯನ್ನು ತಲುಪಿದಾಗ ಹನ್ನೆರಡು ಇಪ್ಪತ್ತು. ಅವಧಾನಿಗಳೇ ಇಲ್ಲ! ನಾನು ಮೆಟ್ಟಿಲಿನ ಮೇಲೂ ಕೆಳಗೂ ಓಡಾಡಿದೆ. ಇನ್ನು ಮೂರು ನಿಮಿಷವಿದೆಯೆನ್ನುವಾಗ ಅವರು ಪಂಚೆ ಎತ್ತಿಕಟ್ಟಿ ಓಡುತ್ತ ಬಂದರು.

“ಆ ಟ್ಯಾಕ್ಸಿಗೆ ಏನು ಬಂತೋ ಸ್ವಾಮಿ, ಆಂಜನೇಯನ ಗುಡಿ ಮುಂದೆ ನಿಂತಿದ್ದು ಅಲುಗಲೇ ಇಲ್ಲ! ಫೋನು ಬೇರೆ ಮನೇಲೇ ಬಿಟ್ಟಿದ್ದೆ. ಆ ಡ್ರೈವರು ಸಿಟ್ಟಲ್ಲಿ ಎರಡು ಸಲ ನೆಲ ಒದ್ದ, ಹೊರಟಿತು! ಹಿಂದೆ ಅದೇ ಥರದ ಐದು ಕಾರು ನಿಂತಿವೆ!”

ಪಟ್ಟಾಭಿ ನೀರನ್ನು ನೋಡತೊಡಗಿದ. “ಯಾವ ಮಾದರಿಯ ಟ್ಯಾಕ್ಸಿ?” ಎಂದು ಕುಸುಮ ಕೇಳಲಿಲ್ಲ, ಗಂಡನ ತೋಳನ್ನು ಮಾತ್ರ ಬಲವಾಗಿ ಚಿವುಟಿದಳು. ಸಂಕಲ್ಪ ಹೊತ್ತಿಗೆ ಸರಿಯಾಗಿ ಆಯಿತು. ಎಳ್ಳುನೀರು ಬಿಟ್ಟೆ, ಈ ಸಲ ತಡವಾಗಲಿಲ್ಲ.

ಇದಾಗಿ ಎರಡು ತಿಂಗಳಾಯಿತು. ಆ ಮಾದರಿಯ ಕಾರುಗಳೆಲ್ಲ ಇಂದಿಗೂ ಆ ಗುಡಿಯ ಮುಂದೆ ನಿಂತೇ ಹೋಗುತ್ತವೆ. ಅರ್ಚಕರು ಮಂಗಳಾರತಿಯ ತಟ್ಟೆಯನ್ನು ಕಿಟಕಿಗಳ ಬಳಿಗೇ ತರುತ್ತಾರೆ. ಕಂಪನಿಯ ಎಂಜಿನಿಯರುಗಳು ಅಲ್ಲೇ ಡೇರೆ ಹಾಕಿ, ದೋಷವೇನೆಂದು ಹುಡುಕುತ್ತಿದ್ದಾರೆ.

ಆ ಗುಡಿಯ ಮುಂದೆ ಯಾರೂ ಒಂದು ಗಳಿಗೆ ನಿಂತು ಹೋಗುವುದಿಲ್ಲವೆಂದು ವೈದೇಹಿ ಯಾವಾಗಲೂ ಗೊಣಗುತ್ತಿದ್ದಳು. ಎಂಜಿನಿಯರುಗಳು ನನ್ನನ್ನು ಏನೂ ಕೇಳಿಲ್ಲ. ನಾನಾಗಿ ಹೇಳುವ ಅಭ್ಯಾಸ ನನಗಿಲ್ಲ.