ಸರ್ವೇಯರ್ ಮಾವನ ಸೊಟ್ಟ ಹೊಲಿಗೆ

ನಮ್ಮ ಸೋದರಮಾವನಷ್ಟು ಕೆಟ್ಟದಾಗಿ ಕೌದಿ ಹೊಲಿಯುವ ಮನುಷ್ಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳಲ್ಲಿ ಇನ್ನೊಬ್ಬನಿಲ್ಲ. ಇದು ನನ್ನ ಆರೋಪವಲ್ಲ, ಮಾವನದೇ ಹೇಳಿಕೆ.

"ಐದು ತಾಲೂಕು ಕಾಲಾಗ ತುಳದೀನಿ ಅಳಿಯಾ. ನನ್ನಂಗ ಹೊಲಿಯಾವನ್ನ ಎಲ್ಲೂ ಕಂಡಿಲ್ಲ!"

ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದರು ಅಂತೀರಿ! ಕೆಟ್ಟ ಕೆಲಸದ ಬಗ್ಗೆ ಇಷ್ಟು ಹೆಮ್ಮೆ ಪಡುವವರನ್ನು ಪತ್ರಿಕೆಯ ಕೆಲಸದಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಅವರೆಲ್ಲ ಚುನಾವಣೆಗೆ ನಿಂತವರು.

ಮಾವ ಸರ್ವೇಯರ್ ಆಗಿದ್ದರು. ಮೂವತ್ತು ವರ್ಷ ಜನರ ಹೊಲಗಳನ್ನು ಅಳೆದು, ಗಡಿಗೆ ಕಲ್ಲು ನೆಡಿಸಿ, ಅಣ್ಣ ತಮ್ಮಂದಿರ ಜಗಳಗಳ ನಡುವೆ ನೆಟ್ಟಗೆ ಗೆರೆ ಎಳೆದು ನಿವೃತ್ತರಾದವರು. ಸೊಟ್ಟಗಿರುವ ಯಾವುದನ್ನೂ ಅವರ ಕಣ್ಣು ತಡೆಯುತ್ತಿರಲಿಲ್ಲ. ಗೋಡೆಯ ಮೇಲಿನ ಫೋಟೋಗಳನ್ನು ತೂಗುಗುಂಡು ಬಿಟ್ಟು ನೋಡಿ ಸರಿಮಾಡುತ್ತಿದ್ದರು. ಕೊಟ್ಟೂರಿನ ಬೀದಿಯಲ್ಲಿ ಯಾರಾದರೂ ಹೊಸ ಕಾಂಪೌಂಡ್ ಕಟ್ಟಿದರೆ ಒಂದು ಕಣ್ಣು ಮುಚ್ಚಿ ನೋಡಿ, ಕೇಳದಿದ್ದರೂ "ಎರಡು ಬಟ್ಟು ಈಚಿಗೆ ಬಂದೈತಿ ನೋಡ್ರಿ" ಎಂದು ಹೇಳಿಯೇ ಮುಂದೆ ಹೋಗುತ್ತಿದ್ದರು. ಅವರಿಗೆ ಗೃಹಪ್ರವೇಶದ ಕರೆಗಳು ಕಡಿಮೆಯಾದದ್ದು ಹೀಗೆ.

ಇಂಥವರ ಕೈಗೆ ಸೂಜಿ ಬಂದರೆ ಹೊಲಿಗೆ ನೆಟ್ಟಗೆ ಬರಬೇಕಲ್ಲವೇ? ಈ ಪ್ರಶ್ನೆ ನನಗೆ ಮೊದಲ ದಿನವೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಕೌದಿ ಹೊಲಿಯುತ್ತಿದ್ದವರು ಅತ್ತೆ, ಅಂದರೆ ಮಾವನ ಹೆಂಡತಿ. ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ನಡುವಿನತ್ತ ಸುತ್ತುಸುತ್ತಾಗಿ ಸಾಲು ಹಾಕುತ್ತಾ ಬರುತ್ತಿದ್ದರು. ಟೇಪಿಲ್ಲ, ಸೀಮೆಸುಣ್ಣವಿಲ್ಲ. ಆದರೂ ಸಾಲು ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಮಾವನಿಗೆ ಇದು ಜೀವನಪೂರ್ತಿಯ ಹೊಟ್ಟೆಯುರಿ.

"ಅಳತಿ ಇಲ್ಲದ ಇದು ಹೆಂಗ ನೆಟ್ಟಗ ಬರತೈತಿ?"

"ಕೈಗೆ ಗೊತ್ತಿರತೈತ್ರಿ" ಎನ್ನುತ್ತಿದ್ದರು ಅತ್ತೆ.

ಒಂದು ಬೆಳಿಗ್ಗೆ ಆ ಕೈಯಿಂದ ಸೂಜಿ ಜಾರಿತು. ಮತ್ತೆ ಎತ್ತಿಕೊಳ್ಳಲು ಆಗಲಿಲ್ಲ. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಹದಿನೈದು ದಿನ ಇಟ್ಟುಕೊಂಡು, "ಮಾತಾಡಿಸ್ತಾ ಇರಿ, ಮಾತು ಬಂದರೂ ಬರಬಹುದು" ಎಂದು ಹೇಳಿ ಕಳಿಸಿದರು.

ಮಾವ ಮಾತಾಡಿಸಲು ಕುಳಿತರು. ಆದರೆ ಸರ್ವೇಯರ್ ಹತ್ತಿರ ಯಾವ ಮಾತಿರುತ್ತದೆ? ನೀಲಗುಂದದ ಯಾವ ಹೊಲದ ಗಡಿ ಯಾವ ಬೇವಿನ ಮರಕ್ಕೆ ತಾಗುತ್ತದೆ, ಉಜ್ಜಿನಿಯಲ್ಲಿ ಯಾರು ಕಲ್ಲು ಕಿತ್ತು ಎಲ್ಲಿ ನೆಟ್ಟರು, ಇಂಥವೇ. ಮೂರನೆಯ ದಿನಕ್ಕೆ ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಆರೋಗ್ಯವಾಗಿದ್ದಾಗಲೇ ಅವರು ಅದನ್ನೆಲ್ಲ ಕೇಳಿಸಿಕೊಂಡವರಲ್ಲ!

ಎರಡು ತಿಂಗಳು ಆ ಮನೆಯಲ್ಲಿ ಮಾತಾಡಿದ್ದು ಪ್ರೆಷರ್ ಕುಕ್ಕರ್ ಒಂದೇ. ಅತ್ತೆ ಅರ್ಧ ಹೊಲಿದಿದ್ದ ಕೌದಿ, ಸೂಜಿ ಸಮೇತ, ಮಂಚದ ಕೆಳಗೆ ಹಾಗೇ ಇತ್ತು. ಒಂದು ದಿನ ಮಾವ ಅದನ್ನು ಎಳೆದುಕೊಂಡು, ಮಂಚದ ಪಕ್ಕ ನೆಲದ ಮೇಲೆ ಕುಳಿತು, ತೊಡೆಯ ಮೇಲೆ ಹರವಿಕೊಂಡು ಹೊಲಿಯತೊಡಗಿದರು. ಒಂದು ತಾಸು ತಲೆ ಎತ್ತಲಿಲ್ಲ. ಅಷ್ಟರಲ್ಲಿ ಅತ್ತೆಯನ್ನು ನೋಡಲು ನೀಲಗುಂದದಿಂದ ಬೀಗರು ಬಂದರು. "ಬರ್ರಿ, ಬರ್ರಿ" ಎಂದು ಮಾವ ಎದ್ದು ನಿಂತರು. ಕೌದಿಯೂ ಎದ್ದು ನಿಂತಿತು! ಉಟ್ಟಿದ್ದ ಪಂಚೆಯನ್ನೂ ಸೇರಿಸಿ ಹೊಲಿದುಕೊಂಡಿದ್ದರು. ಬೀಗಿತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಾವ ಮುಂದೆ ಬಂದರೆ ಕೌದಿ ಮುಂದೆ, ಹಿಂದೆ ಸರಿದರೆ ಹಿಂದೆ. ಆಗ ಮಂಚದ ಮೇಲಿನಿಂದ ಒಂದು ಸ್ವರ ಬಂತು. ಒಡಕಾಗಿ, ಆದರೆ ಸ್ಪಷ್ಟವಾಗಿ.

"ಬಿಚ್ಚು!"

ಎರಡು ತಿಂಗಳ ನಂತರ ಅತ್ತೆಯ ಮೊದಲ ಮಾತು. ಬೀಗಿತ್ತಿ ಅತ್ತರು. ಬೀಗರು ಕಣ್ಣೊರೆಸಿಕೊಂಡರು. ಮಾವ ಕೌದಿಯ ಅಂಚಿನಲ್ಲೇ ಮುಖ ಮುಚ್ಚಿಕೊಂಡು ಅತ್ತರು. ಹೇಗೂ ಅದು ಅವರಿಗೇ ಅಂಟಿಕೊಂಡಿತ್ತಲ್ಲ!

ಮುಂದೆ ಬೇರೆ ಮಾತು ಬರಲಿಲ್ಲ. ನೀರು ಬೇಕಾದರೆ ಕೈಸನ್ನೆ, ನೋವಾದರೆ ನರಳಿಕೆ. ಹೊಲಿಗೆ ನೋಡಿದಾಗ ಮಾತ್ರ ಆ ಒಂದು ಮಾತು. ಮದುವೆಯಾದಾಗಿನಿಂದ ಗಂಡನಿಗೆ "ರಿ" ಹಚ್ಚದೆ ಮಾತಾಡದವರು ಅತ್ತೆ. ಲಕ್ವ ಬಲಗೈಯ ಜೊತೆ ಆ "ರಿ"ಯನ್ನೂ ತೆಗೆದುಕೊಂಡು ಹೋಗಿತ್ತು. ಮಾವನಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಪ್ರತಿ ಸಲವೂ "ಆತು ನಮ್ಮವ್ವಾ, ಬಿಚ್ಚತೀನಿ" ಎಂದು ಕತ್ತರಿ ಎತ್ತಿಕೊಳ್ಳುತ್ತಿದ್ದರು.

ನಾನು ಹರಪನಹಳ್ಳಿಯಿಂದ ವಾರಕ್ಕೊಮ್ಮೆ ಹೋಗುತ್ತಿದ್ದೆ. ಹೋದಾಗಲೆಲ್ಲ ಹೊಸದೊಂದು ಪ್ರಯೋಗ ನಡೆದಿರುತ್ತಿತ್ತು. ಒಮ್ಮೆ ಕೌದಿಯ ನಾಲ್ಕು ಮೂಲೆಗೆ ಗುಂಡುಕಲ್ಲು, ಕುಟ್ಟಾಣಿ, ತೂಕದ ಬಟ್ಟು, ಇಸ್ತ್ರಿಪೆಟ್ಟಿಗೆ ಇಟ್ಟು, ನಡುವೆ ಸೀಮೆಸುಣ್ಣದಲ್ಲಿ ಗೆರೆ ಹೊಡೆದು ಮಾವ ಮಂಡಿಯೂರಿದ್ದರು. ಪಕ್ಕದ ಮನೆಯ ಗೌರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಸರ್ವೇಯರ್ರ, ಕೌದಿ ಹೊಲಿತೀರೋ, ಹೊಲ ಪಾಲು ಮಾಡ್ತೀರೋ?"

"ನಾಕು ಮೂಲಿಗೆ ಕಲ್ಲಿಟ್ರ ಗಡಿ ಸರಿಯಾಗಿರತೈತಿ ಗೌರಮ್ಮ."

"ಮ್ಯಾಲಿನ ಪದರದ ಗಡಿ ಸರಿಯಾತ್ರಿ. ಕೆಳಗಿಂದು? ಎತ್ತಿ ನೋಡ್ರಿ ಒಂದೀಟು."

ಎತ್ತಿ ನೋಡಿದರು. ಕೆಳಗಿನ ಪದರ ಮುದುಡಿ ಮುದ್ದೆಯಾಗಿತ್ತು.

"ಮೊದಲ ಉದ್ದುದ್ದ ದಾರ ಹಾಕಿ ಎಲ್ಲಾ ಪದರ ಹಿಡಕೋಬೇಕ್ರಿ. ಸಣ್ಣ ಹೊಲಿಗಿ ಆಮ್ಯಾಲ. ಇದನ್ನೂ ನಾ ಹೇಳಬೇಕೇನು? ಇಷ್ಟು ವರ್ಷ ಅಕ್ಕಾರು ಹೊಲಿಯೋದು ನೋಡಿಲ್ಲ ನೀವು?"

ಇಲ್ಲ, ಮಾವ ನೋಡಿರಲಿಲ್ಲ. ಸಾಲು ನೆಟ್ಟಗಿದೆಯೇ ಎಂದಷ್ಟೇ ನೋಡಿದ್ದರು.

ಮಂಚದಿಂದ ತೀರ್ಪು ಬಂತು: "ಬಿಚ್ಚು."

ಇನ್ನೊಮ್ಮೆ ಉಜ್ಜಿನಿಯ ರೈತನೊಬ್ಬ ಅತ್ತೆಯ ಆರೋಗ್ಯ ವಿಚಾರಿಸಲು ಬಂದಿದ್ದ. ಅವನ ಮತ್ತು ಅವನ ತಮ್ಮನ ಹೊಲಗಳ ನಡುವೆ ಹಿಂದೆ ಗೆರೆ ಹಾಕಿದ್ದವರು ಮಾವನೇ. ಆತ ಚಹಾ ಕುಡಿಯುತ್ತಾ ಕೌದಿಯನ್ನೇ ಬಹಳ ಹೊತ್ತು ನೋಡಿದ. ಸಾಲು ಹಳ್ಳ ಹರಿದಂತೆ ಹರಿದಿತ್ತು.

"ಸರ್ವೇಯರ್ರ, ತಪ್ಪು ತಿಳಕೋಬ್ಯಾಡ್ರಿ. ನನ್ನ ಹೊಲಕ್ಕ ಗೆರಿ ಹಾಕಿದ್ದೂ ಇದ ಕೈಯೇನ್ರಿ?"

ಮರುವಾರ ಆತ ಮರು ಅಳತೆಗೆ ಅರ್ಜಿ ಹಾಕಿದ! ಹೊಸ ಸರ್ವೇಯರ್ ಬಂದು ಹೊಸ ಯಂತ್ರ ಇಟ್ಟು ಅಳೆದರೆ ಗಡಿ ಕೂದಲೆಳೆಯಷ್ಟೂ ಕದಲಿರಲಿಲ್ಲ. ಮಾವ ಹೇಳಿದ್ದು ಇಷ್ಟೇ: "ಭೂಮಿ ಸುಮ್ನ ಮಲಗಿರತೈತಪಾ. ಬಟ್ಟಿ ಮಲಗಾಂಗಿಲ್ಲ."

ಇಷ್ಟರವರೆಗಿನದನ್ನು ನಾನು ನಗುತ್ತಲೇ ಎಲ್ಲರಿಗೂ ಹೇಳಿದ್ದೇನೆ. ಮುಂದಿನದನ್ನು ಅಷ್ಟಾಗಿ ಹೇಳಿಲ್ಲ.

ಅತ್ತೆಯ ಬಲಗೈಯನ್ನು, ಬಾವು ಬರದಂತೆ, ಮೆತ್ತನೆಯದರ ಮೇಲೆ ಎತ್ತರದಲ್ಲಿ ಇಡಬೇಕಿತ್ತು. ಅದಕ್ಕೆಂದು ಮಾವ ತಲೆದಿಂಬಿನ ಅಳತೆಯ ಪುಟ್ಟ ಕೌದಿ ಹೊಲಿದರು. ಅವರು ಪೂರ್ತಿ ಮುಗಿಸಿದ ಮೊದಲ ಕೆಲಸ ಅದು. ಅತ್ತೆಗೆ ಒಂದು ಪದ್ಧತಿ ಇತ್ತು. ಕೌದಿ ಮುಗಿಸುವ ಮುಂಚೆ ನಡುವೆ ಅಂಗೈ ಅಗಲ ತೆರೆದಿಟ್ಟು, ಅದರೊಳಗೆ ಹೋಳಿಗೆಯ ಚೂರೊಂದನ್ನು ಇಟ್ಟು ಮುಚ್ಚುತ್ತಿದ್ದರು. ಕೌದಿಯ ಹೊಟ್ಟೆ ಬರಿದಾಗಿದ್ದರೆ ಹೊದ್ದವರಿಗೆ ಬೆಚ್ಚಗಾಗುವುದಿಲ್ಲವಂತೆ. ಚೂರು ಅಂದರೆ ಎಷ್ಟು? ಅತ್ತೆಯನ್ನು ಕೇಳುವಂತಿಲ್ಲ. ಮಾವ ಉದಾರಿಗಳು. ತುಪ್ಪ ಹಾಕಿದ ಇಡೀ ಹೋಳಿಗೆಯನ್ನೇ ಮಡಚಿ ಇಟ್ಟು ಹೊಲಿದರು!

ಎರಡು ದಿನ ಬಿಟ್ಟು ಬೆಳಿಗ್ಗೆ ನಾನು ಹೋದಾಗ ಗೋಡೆಯ ಮೇಲಿಂದ ಮಂಚದವರೆಗೆ ಕೆಂಪಿರುವೆಯ ಸಾಲು. ಆ ಮನೆಯಲ್ಲಿ ನೆಟ್ಟಗಿದ್ದ ಸಾಲು ಅದೊಂದೇ ಎಂದು ಹೇಳಬೇಕೆಂದು ಬಾಯಿ ತೆರೆದೆ. ಆಗ ಅತ್ತೆಯ ಕೈ ಕಂಡಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಕಡಿತದ ಗುಳ್ಳೆಗಳು. ಇರುವೆಗಳು ಇನ್ನೂ ಕಚ್ಚುತ್ತಲೇ ಇದ್ದವು. ಅತ್ತೆ ಕಿಟಕಿಯ ಆಚೆ ನೋಡುತ್ತಾ ಮಲಗಿದ್ದರು. ಅವರಿಗೆ ಗೊತ್ತೇ ಆಗಿರಲಿಲ್ಲ.

ಮಾವ ಒದ್ದೆ ಬಟ್ಟೆಯಿಂದ ಒಂದೊಂದೇ ಇರುವೆಯನ್ನು ತೆಗೆದರು. ಕೊಬ್ಬರಿ ಎಣ್ಣೆ ಹಚ್ಚಿದರು. ಅತ್ತೆ ತಮ್ಮ ಕೈಯನ್ನು ಬೇರೆ ಯಾರದೋ ಕೈ ನೋಡಿದಂತೆ ನೋಡಿದರು. ಆಮೇಲೆ ಮಾವನ ಮುಖ ನೋಡಿದರು. ಬಹಳ ಮೆತ್ತಗೆ, "ಬಿಚ್ಚು" ಎಂದರು.

"ಆತು ನಮ್ಮವ್ವಾ" ಎಂದರು ಮಾವ. ಪುಟ್ಟ ಕೌದಿಯನ್ನು ಎಳೆದುಕೊಂಡು ಹೊಲಿಗೆಗೆ ಕತ್ತರಿ ಹಾಕಿದರು.

ದೊಡ್ಡ ಕೌದಿ ಮಾತ್ರ ಮುಗಿಯಲೇ ಇಲ್ಲ. ಆರು ತಿಂಗಳಾದರೂ ಇದ್ದಲ್ಲೇ ಇತ್ತು. ದಿನಕ್ಕೊಂದು ಸಾಲು, ಸೊಟ್ಟ, ಬಿಚ್ಚು. ನಮ್ಮ ತಾಯಿ, "ನಮ್ಮಣ್ಣಗ ಈ ಜಲ್ಮಕ್ಕ ಹೊಲಿಗಿ ಬರಾಂಗಿಲ್ಲ ಬಿಡು" ಎಂದುಬಿಟ್ಟಳು. ನಾನೂ ಒಪ್ಪಿದ್ದೆ.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುವಾಗ ಅತ್ತೆಯ ರವಿಕೆ ಕೈಗೆ ಬಂತು. ಸೆಟೆದ ಬಲಗೈ ತೋಳಿನೊಳಗೆ ಹೋಗುವುದಿಲ್ಲವೆಂದು ತೋಳನ್ನು ಉದ್ದಕ್ಕೆ ಕತ್ತರಿಸಿ, ಅಂಚು ಮಡಚಿ, ಕಟ್ಟಿಕೊಳ್ಳಲು ಲಾಡಿ ಹಚ್ಚಿದ್ದರು. ಎಳ್ಳುಕಾಳು ಸಾಲಾಗಿ ಇಟ್ಟಂಥ ಹೊಲಿಗೆ. ಗೌರಮ್ಮನನ್ನು ಕೇಳಿದೆ. "ನಾ ಮುಟ್ಟಿಲ್ಲಪ್ಪ." ಪೇಟೆಯ ಟೇಲರನ್ನು ಕೇಳಿದೆ. "ಇದು ಕೈಹೊಲಿಗಿ ಸರ್, ನಮ್ಮದಲ್ಲ." ಇಬ್ಬರೂ ಅಲ್ಲವೆಂದ ಮೇಲೆ ಉಳಿದದ್ದು ಒಬ್ಬರೇ. ಮಾವ ನಲ್ಲಿಯ ಕಲ್ಲಿನ ಮೇಲೆ ಹಾಸಿಗೆಬಟ್ಟೆ ತಿಕ್ಕುತ್ತಿದ್ದರು.

"ಇದನ್ನ ಯಾರು ಹೊಲದಾರ್ರಿ ಮಾವ?"

"ಪೇಪರ್‍ನ್ಯಾಗ ಹಾಕ್ತೀಯೇನು?"

"ಇಲ್ಲ, ಹೇಳ್ರಿ."

ಮಾವ ನಲ್ಲಿ ನಿಲ್ಲಿಸಿದರು.

"ಹೊಲಿಗಿ ಕೈಗೆ ಕುಂತು ಮೂರು ತಿಂಗಳಾತು ಅಳಿಯಾ. ಒಂದಿನ ಒಂದು ಪೂರಾ ಸಾಲು ನೆಟ್ಟಗ ಬಂತು. ಖುಷೀಲಿ ಆಕಿ ಕೈಯಾಗ ಕೊಟ್ಟೆ. ಎಡಗೈ ಆಡಿಸಿದ್ಲು, ಈ ತುದಿಯಿಂದ ಆ ತುದೀಗೆ. ಏನೂ ಅನ್ನಲಿಲ್ಲ. ಕಣ್ಣು ಮುಚ್ಚಿ ಮಲಗಿಬಿಟ್ಲು. ಅವತ್ತೆಲ್ಲಾ ಮನ್ಯಾಗ ಒಂದ ಮಾತಿಲ್ಲ."

"ಮರುದಿನ ಏನಾತ್ರಿ?"

"ಮರುದಿನ ಎರಡು ಬಟ್ಟು ಸೊಟ್ಟ ಹಾಕಿದೆ."

ನಾನು ರವಿಕೆಯನ್ನು ಮಡಚಿದೆ.

"ಆಕಿ ಹತ್ರ ಉಳದಿದ್ದು ಒಂದ ಮಾತು. ನೆಟ್ಟಗ ಹೊಲದು ಅದನ್ನೂ ಕಳಕೊಳ್ಳಲೇನು? ಸೊಟ್ಟ ಹಾಕೋದು ಸಸಾರ ಅಂತ ತಿಳಕೋಬ್ಯಾಡ. ದಿನಾ ಒಂದ ನಮೂನಿ ಹಾಕಿದ್ರ ಆಕಿಗೆ ಸಂಶಯ ಬರತೈತಿ. ದಿನಕ್ಕೊಂದು ಹೊಸಾ ಸೊಟ್ಟ ಹುಡುಕಬೇಕು."

ಅತ್ತೆಗೆ ಗೊತ್ತಿತ್ತೋ ಇಲ್ಲವೋ ನಾನು ಖಚಿತವಾಗಿ ಹೇಳಲಾರೆ. "ಬಿಚ್ಚು" ಎನ್ನುವಾಗ ಅವರ ಬಾಯಿಯ ಎಡತುದಿ ಒಂದಿಷ್ಟು ಮೇಲೇಳುತ್ತಿತ್ತು. ಇಷ್ಟು ಮಾತ್ರ ಕಂಡಿದ್ದೇನೆ.

ರಸ್ತೆಯ ಮೇಲೆಲ್ಲ ಮೆಕ್ಕೆಜೋಳ ಒಣಹಾಕುವ ದಿನಗಳಲ್ಲಿ ಅತ್ತೆಗೆ ಇನ್ನೊಮ್ಮೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಬಂದ ಮರುದಿನ ಮಾವ ಕೌದಿ ತೆಗೆದರು. ನಾನು ಅಲ್ಲೇ ಇದ್ದೆ. ಅಷ್ಟು ಸೊಟ್ಟ ಸಾಲನ್ನು ಅವರು ಹಿಂದೆಂದೂ ಹಾಕಿರಲಿಲ್ಲ. ಅತ್ತೆಯ ಎಡಗೈಯನ್ನು ಎತ್ತಿ ಅದರ ಮೇಲಿಟ್ಟರು. ಕೈ ಇಟ್ಟಲ್ಲೇ ಇತ್ತು. ಆ ಕೈಯನ್ನು ತಾವೇ ಹಿಡಿದು ಸಾಲಿನ ಉದ್ದಕ್ಕೂ ಆಡಿಸಿದರು.

"ನೋಡು, ಹೆಂಗ ಹಾಕೀನಿ. ಬೈ ನನ್ನ. ಬೈಯೇ."

ಅತ್ತೆ ಅವರನ್ನು ನೋಡಿದರು. ಅಷ್ಟೇ. ಹೊಸ್ತಿಲ ಮೇಲಿನ ಬಿಸಿಲು ಸರಿದು ಹೋಗುವವರೆಗೂ ಮಾವ ಕಾದರು. ಆ ಸಾಲನ್ನು ಬಿಚ್ಚಲಿಲ್ಲ.

ಹನ್ನೊಂದು ದಿನಕ್ಕೆ ಅತ್ತೆ ಹೋದರು. ಮಣ್ಣು ಮಾಡಿ ಬಂದ ಮೇಲೆ ಹಾಸಿಗೆ, ದಿಂಬು, ಮಂಚ ಎಲ್ಲವನ್ನೂ ಮನೆಯಿಂದ ಹೊರಗೆ ಸಾಗಿಸಿದರು. ಮಾವ ಯಾವುದಕ್ಕೂ ಬೇಡ ಎನ್ನಲಿಲ್ಲ. ಕೌದಿಯೊಂದನ್ನು ಮಾತ್ರ ಕೊಡಲಿಲ್ಲ.

ತಿಂಗಳು ಬಿಟ್ಟು ನಾನು ಹೋದಾಗ ಮಾವ ಅದೇ ಜಾಗದಲ್ಲಿ, ಮಂಚವಿಲ್ಲದ ಮಂಚದ ಪಕ್ಕ ಕುಳಿತಿದ್ದರು. ಕೌದಿ ಮುಗಿಯುತ್ತಾ ಬಂದಿತ್ತು. ನಡುವೆ ಅಂಗೈ ಅಗಲದ ಹೊಟ್ಟೆ ಮಾತ್ರ ತೆರೆದಿತ್ತು. ಪಕ್ಕದ ತಟ್ಟೆಯಲ್ಲಿ ಗೌರಮ್ಮ ಕೊಟ್ಟ ಹೋಳಿಗೆಯಿಂದ ಚಿವುಟಿದ ಚೂರು, ಉಗುರಿನಷ್ಟು. ಅತ್ತೆಯ ಸಾಲು ಎಲ್ಲಿ ನಿಂತಿತು, ಮಾವನ ಸಾಲು ಎಲ್ಲಿ ಶುರುವಾಯಿತು, ಹುಡುಕಿದರೂ ಸಿಗಲಿಲ್ಲ. ಎಲ್ಲ ನೆಟ್ಟಗೆ. ಒಂದು ಸಾಲನ್ನು ಬಿಟ್ಟು.

"ಇದೊಂದು ಹಂಗ ಬಿಟ್ಟೀರಲ್ರಿ ಮಾವ?"

"ಹೂಂ. ಯಾರೂ ಏನೂ ಅಂದಿಲ್ಲಲ್ಲ."

ಮಾವ ಕೌದಿಯನ್ನು ನನ್ನ ಕಡೆ ಸರಿಸಿದರು. ನಾನು ಆ ಸಾಲಿನ ಮೇಲೆ ಕೈ ಆಡಿಸಿದೆ, ಈ ತುದಿಯಿಂದ ಆ ತುದಿಗೆ. ಹುಟ್ಟಿದಾಗಿನಿಂದ ಮಾವನಿಗೆ ನಾನೂ "ರಿ" ಹಚ್ಚದೆ ಮಾತಾಡಿದವನಲ್ಲ.

"ಬಿಚ್ಚು" ಎಂದೆ.

ಮಾವ ನನ್ನನ್ನು ನೋಡಲಿಲ್ಲ.

"ಆತು ನಮ್ಮವ್ವಾ, ಬಿಚ್ಚತೀನಿ" ಎಂದು ಕತ್ತರಿಗೆ ಕೈ ಹಾಕಿದರು.