ಹೇಳದೆ ಕೇಳದೆ ಬ್ರೆಸ್ಲಾವಿಗೆ

ನಮ್ಮ ಭಾವನಿಗೆ ಪೋಲೆಂಡಿನ ವ್ರೊಟ್ಸ್ವಾಫ್ ನಗರದ ಗಲ್ಲಿಗಲ್ಲಿಯೂ ಗೊತ್ತು. ಯಾವ ಸೇತುವೆಯ ಕೆಳಗೆ ಬಾತುಕೋಳಿಗಳು ಸೇರುತ್ತವೆ, ಯಾವ ಬೀದಿಯ ಬೇಕರಿಯಲ್ಲಿ ಗಸಗಸೆ ಕೇಕು ಒಳ್ಳೆಯದು, ಯಾವ ಚರ್ಚಿನ ಗಂಟೆ ತಡವಾಗಿ ಬಾರಿಸುತ್ತದೆ, ಏನು ಬೇಕಾದರೂ ಕೇಳಿ, ಹೇಳುತ್ತಾರೆ. ಕೇಳದಿದ್ದರೂ ಹೇಳುತ್ತಾರೆ! ಅವರ ಈ ಪಾಂಡಿತ್ಯದಲ್ಲಿ ಬಹಳ ವರ್ಷ ಒಂದೇ ಒಂದು ಸಣ್ಣ ಕೊರತೆ ಇತ್ತು. ಅವರು ಆ ಊರಿಗೆ ಹೋಗಿಯೇ ಇರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹುಟ್ಟಿದ್ದು ಉಡುಪಿಯ ಹತ್ತಿರ, ಓದಿದ್ದು ಮಂಗಳೂರಿನಲ್ಲಿ, ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಹಿಡಿದುಕೊಂಡು ಬಂದಿಳಿದದ್ದು ಜರ್ಮನಿಯ ಡಾರ್ಮ್‌ಸ್ಟಾಟ್‌ಗೆ. ಅವರ ಹಿಂದೆಯೇ ನಾನೂ ಒಂದು ಬ್ಲೂ ಕಾರ್ಡ್ ಸಂಪಾದಿಸಿ ಬಂದು, "ಬಾಡಿಗೆ ಮನೆ ಸಿಗುವವರೆಗೆ" ಎಂದು ಅಕ್ಕನ ಮನೆಯಲ್ಲಿ ಸೂಟ್‌ಕೇಸ್ ಇಳಿಸಿದೆ. ಜರ್ಮನಿಯಲ್ಲಿ ಮನೆ ಹುಡುಕಿದವರಿಗೆ ಆ "ಸಿಗುವವರೆಗೆ" ಎಂದರೆ ಎಷ್ಟು ದಿನ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷ ಅಲ್ಲೇ ಉಂಡೆ. ಆದ್ದರಿಂದ ಈ ಭಾವನ ವಿಷಯದಲ್ಲಿ ಮಾತಾಡುವ ಅಧಿಕಾರ ಅಕ್ಕನನ್ನು ಬಿಟ್ಟರೆ ನನಗೇ ಇರುವುದು.

ವ್ರೊಟ್ಸ್ವಾಫಿನ ಹುಚ್ಚು ಅವರಿಗೆ ಹಿಡಿದದ್ದು ಒಂದು ತೆಂಗಿನಕಾಯಿಯಿಂದ. ಆಗ ಅವರು ಬಂದು ತಿಂಗಳೂ ಆಗಿರಲಿಲ್ಲ. ಭಾನುವಾರ ಬೆಳಿಗ್ಗೆ ಚಟ್ನಿಗೆ ಕಾಯಿ ಬೇಕು ಎಂದಳು ಅಕ್ಕ. ಭಾವ ಕಟ್ಟಡದ ಕಲ್ಲಿನ ಮೆಟ್ಟಿಲಿಗೆ ಬಂದು, ದೇವರನ್ನು ನೆನೆದು, ಫಟೀರ್ ಎಂದು ಕುಕ್ಕಿದರು! ಜರ್ಮನಿಯಲ್ಲಿ ಭಾನುವಾರ ಎಂದರೆ ಮೌನವ್ರತ. ಮೊಳೆ ಹೊಡೆಯುವ ಹಾಗಿಲ್ಲ, ಖಾಲಿ ಬಾಟಲಿಯನ್ನು ಡಬ್ಬಿಗೆ ಎಸೆಯುವ ಹಾಗಿಲ್ಲ. ಕೆಳಗಿನ ಮನೆಯ ಬಾಗಿಲು ತೆರೆಯಿತು. ಮನೆಯ ಒಡತಿ, ಎಪ್ಪತ್ತು ದಾಟಿದ ಒಬ್ಬಂಟಿ ಮುದುಕಿ, ಹತ್ತು ನಿಮಿಷ ನಿರರ್ಗಳವಾಗಿ ಬೈದರು. ಭಾವನಿಗೆ ಒಂದಕ್ಷರ ಅರ್ಥವಾಗಲಿಲ್ಲ. ಕೊನೆಗೆ ಅರ್ಧ ಹೋಳನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ಕೊಡುವ ಹಾಗೆ ಬಗ್ಗಿ, ಅವರ ಕೈಯಲ್ಲಿಟ್ಟರು.

"ಬೈಯುವವರ ಕೈಗೆ ಎಂತಾದ್ರೂ ಕೊಟ್ಟುಬಿಡ್ಬೇಕು ಮಾರಾಯ್ತಿ. ಮತ್ತೆ ಅವರಿಗೆ ಬೆರಳು ತೋರಿಸ್ಲಿಕ್ಕೆ ಆಗುದಿಲ್ಲ" ಎನ್ನುವುದು ಭಾವನ ಸಿದ್ಧಾಂತ.

ಮುಂದಿನ ಭಾನುವಾರ ಮುದುಕಿ ಕಾಫಿಗೆ ಕರೆದರು. ಗಸಗಸೆ ಕೇಕು ಕೊಟ್ಟು, ಅರೆಬರೆ ಇಂಗ್ಲಿಷಿನಲ್ಲಿ "ನಾನು ಈ ಊರಿನವಳಲ್ಲ" ಎಂದರಂತೆ. ಭಾವ, "ನಾನೂ ಅಲ್ಲ" ಎಂದರಂತೆ. ಇಷ್ಟು ಸಾಲದೇ ಸ್ನೇಹಕ್ಕೆ? ಮುದುಕಿ ಹುಟ್ಟಿದ್ದು ಬ್ರೆಸ್ಲಾವ್ ಎಂಬ ನಗರದಲ್ಲಿ. ಅದು ಆಗ ಜರ್ಮನಿಯಲ್ಲಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಊರು ಪೋಲೆಂಡಿಗೆ ಸೇರಿತು, ವ್ರೊಟ್ಸ್ವಾಫ್ ಆಯಿತು. ಅಲ್ಲಿದ್ದ ಜರ್ಮನ್ನರನ್ನೆಲ್ಲ ರೈಲು ಹತ್ತಿಸಿ ಕಳಿಸಿದರು. ಎಂಟು ವರ್ಷದ ಈಕೆಯೂ ತಾಯಿಯ ಜೊತೆ ಗೂಡ್ಸ್ ಡಬ್ಬಿಯಲ್ಲಿ ಕೂತು ಬಂದವರು. ಆ ಕಾಫಿಯ ದಿನದಿಂದ ಇವರು ನಮ್ಮ ಮನೆಗೆಲ್ಲ ಓಮಾ, ಅಂದರೆ ಜರ್ಮನ್ನರ ಅಜ್ಜಿ. ಭಾವ ಜರ್ಮನ್ ಕಲಿತದ್ದು ಇವರ ಅಡುಗೆಮನೆಯಲ್ಲಿ. ಪಾಠ ಒಂದೇ: ಬ್ರೆಸ್ಲಾವ್.

ಇದರ ಪರಿಣಾಮ ಗೊತ್ತಾದದ್ದು ಬಿ-ಒನ್ ಎಂಬ ಜರ್ಮನ್ ಭಾಷಾ ಪರೀಕ್ಷೆಯಲ್ಲಿ. ಬ್ಲೂ ಕಾರ್ಡಿನವರು ಅಷ್ಟು ಜರ್ಮನ್ ಕಲಿತರೆ ಪರ್ಮನೆಂಟ್ ಕಾಗದ ಬೇಗ ಸಿಗುತ್ತದೆ. ಪರೀಕ್ಷಕರು, "ನಿಮ್ಮ ಹುಟ್ಟೂರಿನ ಬಗ್ಗೆ ಹೇಳಿ" ಎಂದರು. ಭಾವನಿಗೆ ಜರ್ಮನ್‌ನಲ್ಲಿ ಬರುತ್ತಿದ್ದದ್ದು ಒಂದೇ ಊರು! ಓಡರ್ ನದಿ, ನೂರಕ್ಕೂ ಮೀರಿದ ಸೇತುವೆಗಳು, ಕೆಂಪು ಇಟ್ಟಿಗೆಯ ಮಾರ್ಕೆಟ್ಟು, ಚಳಿಗಾಲದಲ್ಲಿ ತಾಯಿ ಹೆಣೆದುಕೊಟ್ಟ ಕೈಗವಸು, ಎಲ್ಲ ಸರಾಗವಾಗಿ ಹೇಳಿದರು. ಪರೀಕ್ಷಕರಿಗೆ ಕಣ್ಣು ತುಂಬಿ ಬಂತು. ಆಮೇಲೆ ಅರ್ಜಿ ನೋಡಿದರು.

"ಇದರಲ್ಲಿ ಉಡುಪಿ ಎಂದಿದೆಯಲ್ಲ?"

"ಹೌದು," ಎಂದರು ಭಾವ ಗಂಭೀರವಾಗಿ. "ಊರಿನ ಹೆಸರು ಬಹಳ ಸಲ ಬದಲಾಗಿದೆ."

ಪಾಸಾದರು! ಒಳ್ಳೆಯ ಅಂಕವೇ ಬಂತು.

ಪಾಸಾದ ಮೇಲೆ ಕೇಳಬೇಕೇ? ಮನೆಗೆ ಬಂದವರಿಗೆಲ್ಲ ಊಟದ ಮೇಜಿನ ಮೇಲೇ ಬ್ರೆಸ್ಲಾವ್ ದರ್ಶನ ಶುರುವಾಯಿತು. ದೊಡ್ಡ ತಟ್ಟೆಯಲ್ಲಿ ಇಡ್ಲಿಗಳನ್ನು ದೂರದೂರ ಇಟ್ಟು, "ಇವು ದ್ವೀಪಗಳು" ಎನ್ನುವರು. ನಡುವೆ ಸಾಂಬಾರು ಹರಿಸಿದರೆ ಓಡರ್ ನದಿ. ಕೋಡುಬಳೆ ಮುರಿದು ಅಡ್ಡ ಇಟ್ಟರೆ ಸೇತುವೆ. ಆಮೇಲೆ ಒಬ್ಬೊಬ್ಬರಾಗಿ ರಾಜರು ಬರುವರು. ಮೊದಲು ಪೋಲೆಂಡಿನವರು, ಆಮೇಲೆ ಬೊಹೀಮಿಯದವರು, ಆಮೇಲೆ ಆಸ್ಟ್ರಿಯದವರು. "ನಮ್ಮ ಮಂಗಳೂರಿನ ಹಾಗೇ. ಬಂದವರೆಲ್ಲ ಆಳಿದವರೇ" ಎಂದು ನಡುವೆ ಒಂದು ಟಿಪ್ಪಣಿ. ಒಮ್ಮೆ ವೋಲ್ಫ್ಸ್‌ಬುರ್ಗ್‌ನಿಂದ ಅವರ ಕಾಲೇಜಿನ ಗೆಳೆಯ ಬಂದಿದ್ದರು. ಕಾರು ಕಾರ್ಖಾನೆಯ ಇಂಜಿನಿಯರ್, ಮೂರೂವರೆ ತಾಸು ಪ್ರಯಾಣ ಮಾಡಿ ಹಸಿದಿದ್ದರು.

"ಗುರು, ಇಡ್ಲಿ ತಿನ್ಲಾ ಈಗ?"

"ತಡಿ ಮಗಾ, ಇನ್ನೂ ಪ್ರಶ್ಯದವರು ಬರ್ಲಿಕ್ಕೆ ಉಂಟು!"

ಪ್ರಶ್ಯದವರು ಬಂದರು, ಹಿಟ್ಲರನ ಕಾಲ ಬಂತು, ಕೊನೆಯ ಚಳಿಗಾಲದಲ್ಲಿ ರಷ್ಯನ್ ಸೈನ್ಯ ಮುತ್ತಿಗೆ ಹಾಕಿತು. ವಿಮಾನ ಇಳಿಸಲು ಜಾಗ ಬೇಕೆಂದು ಜರ್ಮನ್ ಸೇನಾಧಿಕಾರಿಗಳು ಊರ ನಡುವಿನ ಮನೆಗಳನ್ನು ತಾವೇ ಕೆಡವಿಸಿದ್ದನ್ನು ತೋರಿಸಲು ಭಾವ ಎರಡು ಇಡ್ಲಿಗಳನ್ನು ಚಮಚದಲ್ಲಿ ಜಜ್ಜಿದರು. ಗೆಳೆಯ ಆ ಜಜ್ಜಿದ ಇಡ್ಲಿಯನ್ನು ನೋಡಿದ ನೋಟ ನಾನು ಮರೆಯಲಾರೆ. ಅವರು ಈಗ ವೋಲ್ಫ್ಸ್‌ಬುರ್ಗ್‌ನಿಂದ ಫೋನ್ ಮಾತ್ರ ಮಾಡುತ್ತಾರೆ.

"ನಿಮಗೆ ಮಂಡೆ ಸಮ ಇಲ್ವಾ?" ಎಂದು ಅಕ್ಕ ರೇಗುವಳು. "ನನ್ನ ತವರುಮನೆಗೆ ಹೋಗುವ ದಾರಿ ಗೊತ್ತಿಲ್ಲ ನಿಮಗೆ, ಕಾಣದ ಊರಿನ ಟ್ರ್ಯಾಮ್ ನಂಬರ್ ಬಾಯಿಪಾಠ!"

ನಾವೆಲ್ಲ ನಕ್ಕದ್ದೇ ನಕ್ಕದ್ದು. ಆದರೆ ಒಂದು ವರ್ಷ ಓಮಾ ಬಚ್ಚಲಲ್ಲಿ ಜಾರಿಬಿದ್ದರು. ಸೊಂಟಕ್ಕೆ ಏಟಾಯಿತು, ರೋಲಾಟರ್ ಎಂಬ ತಳ್ಳುಗಾಡಿ ಹಿಡಿದು ನಡೆಯುವ ಹಾಗಾಯಿತು. ಬಾನ್ ನಗರದಲ್ಲಿರುವ ಮಗ ಬಂದು, ಚಳಿಗಾಲದೊಳಗೆ ತಾಯಿಯನ್ನು ತನ್ನೂರಿನ ವೃದ್ಧಾಶ್ರಮಕ್ಕೆ ಸೇರಿಸುವುದೆಂದು ನಿಶ್ಚಯಿಸಿದರು. ಅಂದು ಓಮಾ ಭಾವನ ಬಳಿ, "ಒಂದು ಸಲ ಬ್ರೆಸ್ಲಾವಿನ ನಮ್ಮ ಮನೆ ನೋಡಬೇಕಿತ್ತು" ಎಂದರು. ಎಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲವಂತೆ. ಹೋಗಲು ಆಗದೆ ಅಲ್ಲ, ಹೆದರಿಕೆ. ಈಗ ಅಲ್ಲಿ ಬೇರೆಯವರ ಸಂಸಾರ. ಈ ಜರ್ಮನ್ ಮುದುಕಿ ಮನೆ ವಾಪಸು ಕೇಳಲು ಬಂದಳು ಎಂದುಕೊಂಡು ಮುಖಕ್ಕೆ ಬಾಗಿಲು ಹಾಕಿದರೆ?

"ನಾನು ಕರ್ಕೊಂಡು ಹೋಗ್ತೇನೆ" ಎಂದರು ಭಾವ.

"ಆ ಮನೆಯವರಿಗೆ ಪತ್ರ ಬರೆದು ಒಪ್ಪಿಗೆ ಪಡೆಯಬೇಕು" ಎಂದರು ಓಮಾ.

"ಎಲ್ಲ ವ್ಯವಸ್ಥೆ ಆಗ್ತದೆ."

ಹೀಗೆ ಒಂದು ಶನಿವಾರ ಐವರು ಕಾರು ಹತ್ತಿದೆವು. ಮುಂದೆ ಭಾವ ಮತ್ತು ಓಮಾ, ಹಿಂದೆ ಅಕ್ಕ, ಅವಳ ಎಂಟು ವರ್ಷದ ಮಗಳು, ನಾನು. ಬ್ಲೂ ಕಾರ್ಡಿನವರು ಗಡಿ ದಾಟುವಾಗ ಕಾಗದ ಕೇಳಿದರೆ? ಎಂದು ಭಾವ ಒಂದು ದಪ್ಪ ಫೈಲು ತಂದಿದ್ದರು. ಪಾಸ್‌ಪೋರ್ಟು, ಬಾಡಿಗೆ ಕರಾರು, ಸಂಬಳದ ಚೀಟಿ, ಮದುವೆಯ ಸರ್ಟಿಫಿಕೇಟು, ಕೊನೆಗೆ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು! ಗಡಿ ಬಂತು. ಒಂದು ನೀಲಿ ಬೋರ್ಡು, ಅಷ್ಟೇ. ಒಂದು ನರಪಿಳ್ಳೆಯೂ ಇರಲಿಲ್ಲ. ಭಾವನಿಗೆ ಅವಮಾನವಾದಂತಾಯಿತು. ಮುಂದಿನ ಪೆಟ್ರೋಲ್ ಬಂಕಿನಲ್ಲಿ ಫೈಲು ಕಂಕುಳಲ್ಲಿಟ್ಟುಕೊಂಡೇ ಇಳಿದರು, ಅಲ್ಲಾದರೂ ಯಾರಾದರೂ ಕೇಳಿಯಾರು ಎಂದು.

ನಗರ ಸೇರಿದೆವು. ಸೇರಿದ ಐದೇ ನಿಮಿಷಕ್ಕೆ ನಮ್ಮ ಮಹಾಪಂಡಿತರು ದಾರಿ ತಪ್ಪಿದರು! ಆಗದೇ ಇನ್ನೇನು? ಅವರು ಬಾಯಿಪಾಠ ಮಾಡಿದ್ದು ಎಪ್ಪತ್ತು ವರ್ಷದ ಹಿಂದಿನ ಜರ್ಮನ್ ಬ್ರೆಸ್ಲಾವ್. ಈಗಿನ ಒಂದು ಬೀದಿಗೂ ಆ ಹೆಸರಿಲ್ಲ. ಫೋನಿನ ಹೆಂಗಸು ಎಡಕ್ಕೆ ಎಂದರೆ, "ಅವಳಿಗೆ ಎಂತ ಗೊತ್ತುಂಟು, ಹೊಸಬಳು" ಎಂದು ಬಲಕ್ಕೆ ತಿರುಗಿಸಿದರು. ಒಂದೇ ಚೌಕವನ್ನು ಮೂರು ಸಲ ಪ್ರದಕ್ಷಿಣೆ ಹಾಕಿದ ಮೇಲೆ ಅಕ್ಕನ ಮಗಳು ಜರ್ಮನ್‌ನಲ್ಲಿ ಘೋಷಿಸಿದಳು, ಅಪ್ಪನಿಗೆ ಏನೂ ಗೊತ್ತಿಲ್ಲ ಎಂದು.

ಕಾರು ನಿಲ್ಲಿಸಿ ನಡೆದೆವು. ಹುಡುಗಿ ಮೊಣಕಾಲೆತ್ತರವೂ ಇಲ್ಲದ ಒಂದು ಕಂಚಿನ ಕುಬ್ಜನನ್ನು ಕಂಡು ಕಿರುಚಿದಳು. ಇನ್ನೊಂದು, ಮತ್ತೊಂದು! ಕಿಟಕಿಯ ಅಂಚಿನಲ್ಲಿ, ದೀಪದ ಕಂಬಕ್ಕೆ ಜೋತು, ಅಂಗಡಿಯ ಬಾಗಿಲಲ್ಲಿ ನಿದ್ದೆ ಹೋಗಿ, ಊರ ತುಂಬ ಕುಬ್ಜರು. ಕಮ್ಯುನಿಸ್ಟರ ಕಾಲದಲ್ಲಿ, ಸರ್ಕಾರ ಗೋಡೆಬರಹಕ್ಕೆ ಸುಣ್ಣ ಬಳಿದಲ್ಲೆಲ್ಲ ಹುಡುಗರು ಕುಬ್ಜರ ಚಿತ್ರ ಬರೆದು ಗೇಲಿ ಮಾಡುತ್ತಿದ್ದರಂತೆ. ಅದರ ನೆನಪಿಗೆ ಇವು. ಇದನ್ನು ಹೇಳಿದವಳು ಒಬ್ಬಳು ಹೂ ಮಾರುವವಳು. ಭಾವನ ಇಡ್ಲಿ ನಕ್ಷೆಯಲ್ಲಿ ಕುಬ್ಜರಿರಲಿಲ್ಲ.

"ನನ್ನ ಹತ್ರ ಯಾರೂ ಹೇಳ್ಲೇ ಇಲ್ಲ" ಎಂದು ಅವರು ಗೊಣಗಿದರು. ಊರಿನವರು ಅವರ ಅಪ್ಪಣೆ ಪಡೆಯಬೇಕಿತ್ತೇನೋ!

ದಾರಿ ಸಿಕ್ಕಿದ್ದು ಓಮಾನಿಂದ. ಕೆಂಪು ಇಟ್ಟಿಗೆಯ ಮಾರ್ಕೆಟ್ಟು ಕಂಡದ್ದೇ ತಡ, ಅವರ ಬೆನ್ನು ನೆಟ್ಟಗಾಯಿತು. ರೋಲಾಟರ್ ತಳ್ಳಿಕೊಂಡು ಹೊರಟರು. ಸೇತುವೆ ದಾಟಿ, ದ್ವೀಪ ದಾಟಿ, ಇನ್ನೆರಡು ಸೇತುವೆ ದಾಟಿ, ಯುದ್ಧದಲ್ಲಿ ಉಳಿದುಕೊಂಡ ಹಳೆಯ ಬೀದಿಯೊಂದಕ್ಕೆ ತಿರುಗಿದರು. ಶಾಲೆ ಬಿಟ್ಟ ಹುಡುಗಿ ಮನೆಗೆ ಹೋಗುವ ಹಾಗೆ ಹೋದರು. ನಾವು ಹಿಂದೆ ಓಡಬೇಕಾಯಿತು. ಬೂದು ಬಣ್ಣದ ಕಟ್ಟಡದ ಮುಂದೆ ನಿಂತು ಮೊದಲ ಮಹಡಿ ತೋರಿಸಿದರು. ಆಮೇಲೆ ಕೂದಲು ಸರಿಮಾಡಿಕೊಂಡು ಭಾವನನ್ನು ಕೇಳಿದರು:

"ನಮ್ಮನ್ನು ಎಷ್ಟು ಗಂಟೆಗೆ ಬರಲು ಹೇಳಿದ್ದಾರೆ?"

ಭಾವ ಕುಬ್ಜನಿಗಿಂತ ಚಿಕ್ಕವರಾದರು.

"ಹೇಳಿಲ್ಲ. ಅವರಿಗೆ ಗೊತ್ತಿಲ್ಲ, ನಾವು ಬರುದು."

ಪತ್ರವನ್ನೇ ಬರೆದಿರಲಿಲ್ಲ ಮಹಾರಾಯರು! ನಮ್ಮ ಕಡೆ ಒಂದು ಮನೆಗೆ ಹೋಗಲು ಪತ್ರ ಯಾರು ಬರೆಯುತ್ತಾರೆ? ಹೋಗುವುದು, ಬಾಗಿಲಲ್ಲಿ ನಿಂತು "ಯಾರುಂಟು?" ಎನ್ನುವುದು. ನೆಂಟರು ಊಟದ ಹೊತ್ತಿಗೆ ಸರಿಯಾಗಿ ಬಂದರೂ ಯಾರೂ ಯಾಕೆ ಬಂದಿರಿ ಎನ್ನುವುದಿಲ್ಲ. ಆದರೆ ಜರ್ಮನಿಯಲ್ಲಿ ಹೆತ್ತ ಮಗನ ಮನೆಗೂ ಫೋನ್ ಮಾಡದೆ ಹೋಗುವ ಹಾಗಿಲ್ಲ. ಓಮಾ ಬಿಳಿಚಿಕೊಂಡರು. ರೋಲಾಟರಿನ ಬ್ರೇಕು ಒತ್ತಿ, ಅದರ ಸೀಟಿನ ಮೇಲೆ ಕೂತು, "ನಾನು ಬರುವುದಿಲ್ಲ" ಎಂದುಬಿಟ್ಟರು. "ಒಮ್ಮೆ ಇಲ್ಲಿಂದ ಹೊರಗೆ ಹಾಕಿಸಿಕೊಂಡಿದ್ದೇನೆ. ಇನ್ನೊಮ್ಮೆ ಬೇಡ."

ನನಗೆ ಭಾವನ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು. ಏಳುನೂರು ಕಿಲೋಮೀಟರು ಕರೆತಂದು, ಏಟು ಬಿದ್ದ ಸೊಂಟದ ಆ ಜೀವವನ್ನು ಬೀದಿಯಲ್ಲಿ ಕೂರಿಸುವುದೇ? ಅಕ್ಕ ನನಗಿಂತ ಮೊದಲೇ ಶುರು ಮಾಡಿದ್ದಳು. ಭಾವ ಅಕ್ಕನ ಕೈಯಿಂದ, ಮನೆಯಲ್ಲಿ ಮಾಡಿ ತಂದಿದ್ದ ಬರ್ಫಿಯ ಡಬ್ಬಿ ತೆಗೆದುಕೊಂಡು, ಬೀದಿಬಾಗಿಲು ತೆರೆದದ್ದೇ ಇತ್ತು, ಮೆಟ್ಟಿಲು ಹತ್ತಿ ಹೋದರು. ನಾನೂ ಹಿಂದೆಯೇ ಹೋದೆ, ಪೊಲೀಸರು ಬಂದರೆ ಒಬ್ಬರಾದರೂ ಸಾಕ್ಷಿ ಇರಲಿ ಎಂದು.

ಬಾಗಿಲು ತೆರೆದದ್ದು ಕಾಲೇಜು ವಯಸ್ಸಿನ ಹುಡುಗಿ. ಅವಳಿಗೆ ಜರ್ಮನ್ ಬರುತ್ತಿತ್ತು, ದೇವರು ದೊಡ್ಡವನು. ಹಿಂದೆ ಅವಳ ಅಜ್ಜಿ, ಗುಂಡುಗುಂಡಗಿನ ಪೋಲಿಷ್ ಮುದುಕಿ, ಕೈಯೆಲ್ಲ ಹಿಟ್ಟು. ಭಾವ ಡಬ್ಬಿ ಮುಂದೆ ಹಿಡಿದು ಹೇಳಿದರು: "ಕೆಳಗೆ ಒಬ್ಬರು ಕೂತಿದ್ದಾರೆ. ಚಿಕ್ಕಂದಿನಲ್ಲಿ ಈ ಮನೆಯಲ್ಲಿದ್ದರು. ಅವರಿಗೆ ಏನೂ ಬೇಡ. ಬರೀ ನೋಡಬೇಕಂತೆ. ಹೇಳದೆ ಬಂದದ್ದು ನನ್ನ ತಪ್ಪು, ಅವರದ್ದಲ್ಲ."

ಮೊಮ್ಮಗಳು ಅದನ್ನು ಪೋಲಿಷ್‌ನಲ್ಲಿ ಹೇಳಿದಳು. ಮುದುಕಿ ಡಬ್ಬಿಯನ್ನೂ ತೆಗೆದುಕೊಳ್ಳಲಿಲ್ಲ, ಕೈಯನ್ನೂ ತೊಳೆಯಲಿಲ್ಲ. ಮೆಟ್ಟಿಲಿಳಿದು ಹೋಗೇಬಿಟ್ಟರು! ನಾವು ಕೆಳಗೆ ಬರುವಷ್ಟರಲ್ಲಿ ಓಮಾನ ಎರಡೂ ಕೈ ಆ ಹಿಟ್ಟಿನ ಕೈಗಳಲ್ಲಿದ್ದವು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಓಮಾ ಎದ್ದರು. ಒಂದೊಂದೇ ಮೆಟ್ಟಿಲು ಹತ್ತಿದರು. ಹಿಂದೆ ರೋಲಾಟರ್ ಹೊತ್ತುಕೊಂಡು ನಮ್ಮ ಭಾವ.

ಓಮಾ ಯಾರನ್ನೂ ಕೇಳದೆ ಕಾರಿಡಾರಿನ ತುದಿಯ ಚಿಕ್ಕ ಕೋಣೆಗೆ ಹೋಗಿ ನಿಂತರು. ಪೋಲಿಷ್ ಅಜ್ಜಿ ಬಾಗಿಲಿಗೆ ಒರಗಿ ಮಾತಾಡತೊಡಗಿದರು. ಮೊಮ್ಮಗಳು ಮೆಲ್ಲಗೆ ಜರ್ಮನ್‌ಗೆ ತರುತ್ತಿದ್ದಳು.

"ನಮ್ಮನ್ನೂ ಪೂರ್ವದ ಲ್ವೂಫ್ ನಗರದಿಂದ ಹೊರಗೆ ಹಾಕಿದರು. ಅದು ರಷ್ಯಾದವರ ಪಾಲಾಯಿತು. ಇಲ್ಲಿಗೆ ತಂದಾಗ ನನಗೆ ಐದು ವರ್ಷ. ನಮ್ಮನ್ನು ಇಲ್ಲಿಂದಲೂ ಓಡಿಸುತ್ತಾರೆ ಎಂದು ಅಮ್ಮ ಎಷ್ಟೋ ವರ್ಷ ಗಂಟು ಬಿಚ್ಚಲಿಲ್ಲ. ನನ್ನನ್ನು ಈ ಕೋಣೆಯಲ್ಲಿ ಮಲಗಿಸಿದರು. ಹಾಸಿಗೆಯ ಮೇಲೆ ಒಂದು ಹುಡುಗಿಯ ರಾತ್ರಿಯಂಗಿ ಇತ್ತು, ನನ್ನ ಅಳತೆಗಿಂತ ಸ್ವಲ್ಪ ದೊಡ್ಡದು. ಆ ಹುಡುಗಿ ಒಂದು ದಿನ ಬಂದೇ ಬರುತ್ತಾಳೆ ಎಂದು ನನಗೆ ಗೊತ್ತಿತ್ತು. ಬಂದು, ನನ್ನ ಹಾಸಿಗೆಯಲ್ಲಿ ಯಾಕೆ ಮಲಗಿದ್ದೀ ಎಂದರೆ ಏನು ಹೇಳಲಿ? ಅಂದಿನಿಂದ ಕಾಯುತ್ತಿದ್ದೇನೆ. ಇಷ್ಟು ತಡ ಯಾಕೆ ಮಾಡಿದಿರಿ?"

 ಓಮಾ ಮಂಚದ ಕಡೆ ನೋಡಿದರು. ಆಮೇಲೆ ಕೇಳಿದರು:

"ನಿನಗೆ ಇಲ್ಲಿ ನಿದ್ದೆ ಬರುತ್ತಿತ್ತಾ?"

ಮೊಮ್ಮಗಳು ಅದನ್ನು ತಿಳಿಸಿದಾಗ ಪೋಲಿಷ್ ಅಜ್ಜಿ ಇಲ್ಲವೆಂದು ತಲೆಯಾಡಿಸಿದರು. ಎಪ್ಪತ್ತೈದರ ಆಕೆ ಐದು ವರ್ಷದ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತರು. ಓಮಾ ಅವರನ್ನು ಮಂಚದ ಮೇಲೆ ಕೂರಿಸಿ, ಪಕ್ಕದಲ್ಲಿ ತಾವೂ ಕೂತು, ಬೆನ್ನು ತಟ್ಟಿದರು.

"ನಾನು ಬಂದಾಯಿತಲ್ಲ. ಇನ್ನು ಮಲಗು ಮಗಳೇ" ಎಂದರು.

ಮೊಮ್ಮಗಳು ಅಳುತ್ತಿದ್ದಳು, ಅದನ್ನು ಪೋಲಿಷ್‌ಗೆ ತರಲಾಗಲಿಲ್ಲ. ತರಬೇಕಾಗಿಯೂ ಇರಲಿಲ್ಲ. ನಾನು ಭಾವನನ್ನು ಹುಡುಕಿದೆ. ಕೇಳದಿದ್ದರೂ ಹೇಳುವ ಮನುಷ್ಯ ಕಾರಿಡಾರಿನಲ್ಲಿ ರೋಲಾಟರ್ ಹಿಡಿದುಕೊಂಡು, ಗೋಡೆಗೆ ಮುಖಮಾಡಿ, ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಇಷ್ಟು ವರ್ಷ ಇವರನ್ನು ನೋಡಿ ನಕ್ಕಿದ್ದೆನಲ್ಲ! ಹತ್ತಿರ ಹೋಗಿ ಅವರ ತೋಳು ಹಿಡಿದು ನಿಂತೆ.